ಅಪ್ಪನ ಹಾರ್ಮೋನಿಯಂಗೆ ತಂತಿ ಎಳೆದದ್ದು

ಅಪ್ಪನಿಗೆ ಲಕ್ವ ಹೊಡೆದ ವರ್ಷ ನಾನು ಭದ್ರಾವತಿಯ ಒಂದು ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಲ್ಯಾಬ್ ನೋಡಿಕೊಳ್ಳುತ್ತಿದ್ದೆ. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸ್‌ನಲ್ಲಿ ನಾನು, ನನ್ನ ಗಂಡ. ಶಿವಮೊಗ್ಗದ ಗೋಪಾಳದಲ್ಲಿ ಅಪ್ಪ, ಅಮ್ಮ. ಅಪ್ಪನ ಕಾಲು ಬೇಗ ಸುಧಾರಿಸಿತು. ಮಾತು ಒಂದಿಷ್ಟೂ ಕೆಡಲಿಲ್ಲ, ಬೈಯುವುದರಲ್ಲಂತೂ ಮೊದಲಿಗಿಂತ ಚುರುಕಾದರು. ಎಡಗೈ ಮಾತ್ರ ಹೋಯಿತು.

ಎಡಗೈ ಹೋದರೆ ಬಲಗೈ ಇದೆಯಲ್ಲ ಎಂದು ಬಂದವರೆಲ್ಲ ಸಮಾಧಾನ ಹೇಳಿದರು. ಅವರ ತಲೆ! ಹಾರ್ಮೋನಿಯಂ ನುಡಿಸುವವರಿಗೆ ತಿದಿ ಒತ್ತುವುದು ಎಡಗೈ. ತಿದಿಯಿಂದ ಗಾಳಿ ಹೋಗದಿದ್ದರೆ ಬಲಗೈ ಬೆರಳು ಎಷ್ಟು ಓಡಾಡಿದರೂ ಪೆಟ್ಟಿಗೆ ಬಾಯಿ ಬಿಡುವುದಿಲ್ಲ. ಅಪ್ಪ ನಮ್ಮ ಬಡಾವಣೆಯ ಭಜನಾ ಮಂಡಳಿಗೆ ನನಗೆ ನೆನಪಿರುವಾಗಿನಿಂದ ಹಾರ್ಮೋನಿಯಂ ನುಡಿಸಿದವರು. ಸೋಮವಾರ ಸಂಜೆ ಆಫೀಸಿನಿಂದ ಬಂದು, ಕೈಕಾಲು ತೊಳೆದು, ವಿಭೂತಿ ಹಚ್ಚಿಕೊಂಡು ಹೊರಟರೆ ಮನುಷ್ಯನ ಮುಖವೇ ಬೇರೆಯಾಗುತ್ತಿತ್ತು. ಈಗ ಸೋಮವಾರ ಬಂತೆಂದರೆ ಮಂಚದ ಮೇಲೆ ಗೋಡೆ ಕಡೆ ತಿರುಗಿ ಮಲಗುತ್ತಿದ್ದರು. ಅದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ.

ಮೊದಲು ಅಮ್ಮನನ್ನು ತಿದಿ ಒತ್ತಲು ಕೂರಿಸಿದೆವು. ಅಮ್ಮ ದೋಸೆ ಹಿಟ್ಟು ರುಬ್ಬುವಂತೆ ಒಂದೇ ಸಮ ಒತ್ತಿದಳು.

“ಅಯ್ಯೋ ಮಾರಾಯ್ತಿ, ಎಲ್ಲಿ ಏರಿಸ್ಬೇಕು ಎಲ್ಲಿ ಇಳಿಸ್ಬೇಕು ಗೊತ್ತಾಗಲ್ವಾ ನಿಂಗೆ?” ಎಂದು ಅಪ್ಪ ರೇಗಿದರು.

“ನಿಮ್ಮ ಮನಸ್ಸಲ್ಲಿರೋದು ನಂಗೆ ಹೆಂಗೆ ಗೊತ್ತಾಗುತ್ತೆ? ಇಷ್ಟು ವರ್ಷ ಸಂಸಾರ ಮಾಡಿದ್ರೂ ಗೊತ್ತಾಗ್ಲಿಲ್ಲ, ಈಗ ಗೊತ್ತಾಗುತ್ತಾ?” ಎಂದು ಅಮ್ಮ ಎದ್ದು ಅಡುಗೆಮನೆಗೆ ಹೋದಳು. ಅಲ್ಲಿಗೆ ಆ ಪ್ರಯೋಗ ಮುಗಿಯಿತು.

ಅಂಗಡಿಯಲ್ಲಿ ಸಿಗುವ ಕೀಬೋರ್ಡ್ ತರುತ್ತೇನೆ ಎಂದೆ. ಅದು ಮದುವೆ ಮನೆ ಆರ್ಕೆಸ್ಟ್ರಾದವರ ಆಟಿಕೆ, ಅದರ ಮನೆಗಳು ನನ್ನ ಬೆರಳಿಗೆ ಹೊಂದುವುದಿಲ್ಲ ಎಂದರು. ಹಾರ್ಮೋನಿಯಂನ ಒಂದೊಂದು ಕೀಗೂ ನಮ್ಮಲ್ಲಿ ಮನೆ ಅನ್ನುತ್ತಾರೆ. ಕರಿ ಎರಡನೇ ಮನೆ ಅಪ್ಪನ ಶ್ರುತಿ. ಕಣ್ಣು ಮುಚ್ಚಿಕೊಂಡೇ ಬೆರಳು ಅಲ್ಲಿಗೆ ಹೋಗುತ್ತಿತ್ತು. ಹಾಗಿದ್ದರೆ ಅದೇ ಹಾರ್ಮೋನಿಯಂಗೆ ನಾನು ವಿದ್ಯುತ್ತಿನ ಗಂಟಲು ಜೋಡಿಸುತ್ತೇನೆ ಎಂದು ಹಟ ಹಿಡಿದೆ. ನನಗೆ ಹಟ ಬಂದರೆ ಯಾರ ಮಾತೂ ಕಿವಿಗೆ ಹೋಗುವುದಿಲ್ಲ.

ಆಗ ಸೈಬರ್ ಸೆಂಟರ್‌ಗಳು ಹೊಸದಾಗಿ ತೆರೆದಿದ್ದವು. ಯಾವ ದೇಶದವನೋ ಪುಣ್ಯಾತ್ಮ ಮನೆಯಲ್ಲೇ ಮಿಡಿ ಕಂಟ್ರೋಲರ್ ಮಾಡುವುದು ಹೇಗೆಂದು ಬರೆದಿದ್ದ. ಅದನ್ನು ಪ್ರಿಂಟ್ ಹಾಕಿಸಿ ತಂದೆ. ಮಿಡಿ ಅನ್ನುವುದು ಸದ್ದಲ್ಲ, ಬರೀ ಸುದ್ದಿ. ಇಂಥ ಮನೆ ಒತ್ತಿದರು, ಇಂಥ ಮನೆ ಬಿಟ್ಟರು ಎಂದು ತಂತಿಯಲ್ಲಿ ಹೇಳಿ ಕಳಿಸುವ ಏರ್ಪಾಡು, ಅಷ್ಟೇ. ಅದನ್ನು ಕೇಳಿಸಿಕೊಂಡು ಸ್ವರ ಹೊರಡಿಸುವ ಪೆಟ್ಟಿಗೆ ಬೇರೆ ಇರುತ್ತದೆ. ಆ ಪೆಟ್ಟಿಗೆಯನ್ನು ಭದ್ರಾವತಿಯಲ್ಲಿ ಆರ್ಕೆಸ್ಟ್ರಾ ಬಿಟ್ಟು ಗ್ಯಾರೇಜ್ ಇಟ್ಟಿದ್ದ ಒಬ್ಬನಿಂದ ಕೊಂಡೆ. ಹಳೆಯ ರಿಲೇಗಳ ತೆಳು ಲೋಹದ ಪಟ್ಟಿಗಳು ಗುಜರಿಯಲ್ಲಿ ಸಿಕ್ಕವು. ಒಂದೊಂದು ಮನೆಯ ಹಿಂಬದಿಗೂ ಒಂದೊಂದು ಪಟ್ಟಿ. ಮನೆ ಒತ್ತಿದರೆ ಪಟ್ಟಿ ತಾಗುತ್ತದೆ, ಬಿಟ್ಟರೆ ದೂರವಾಗುತ್ತದೆ. ಅದನ್ನು ಗಮನಿಸಿ ಸುದ್ದಿ ಕಳಿಸಲು ಒಳಗೆ ಒಂದು ಸರ್ಕ್ಯೂಟ್ ಬೋರ್ಡು, ಅದಕ್ಕೆ ನಾನೇ ಬರೆದ ಪ್ರೋಗ್ರಾಂ. ತಿದಿಯ ಬದಲಿಗೆ ಹೊಲಿಗೆ ಮೆಷಿನ್ನಿನ ಕಾಲು ಪೆಡಲ್. ಅಪ್ಪ ಬಲಗಾಲಿನಲ್ಲಿ ಅದನ್ನು ಅದುಮಿದರೆ ಸ್ವರದ ಸದ್ದು ಏರಬೇಕು, ಬಿಟ್ಟರೆ ಇಳಿಯಬೇಕು.

ಹೇಳಲು ಸುಲಭ. ಹಾರ್ಮೋನಿಯಂ ಬಿಚ್ಚಿದ ದಿನ ಅಮ್ಮ ಬಾಗಿಲಲ್ಲಿ ನಿಂತು, “ಇರೋದೊಂದನ್ನೂ ಹಾಳು ಮಾಡ್ಬೇಡ್ವೇ” ಎಂದು ಗೋಗರೆದಳು. ಆಮೇಲಿನ ತಿಂಗಳುಗಳಲ್ಲಿ ನನಗೂ ಹಾಗೇ ಅನ್ನಿಸಿದೆ. ಒಂದು ಮನೆ ಒತ್ತಿದರೆ ಪಕ್ಕದ್ದೂ ಕೂಗುವುದು, ಒತ್ತಿ ಬಿಟ್ಟ ಮೇಲೂ ಸ್ವರ ನಿಲ್ಲದೆ ಎಳೆಯುವುದು, ಭದ್ರಾವತಿಯ ಮೇಜಿನ ಮೇಲೆ ಮುದ್ದಾಗಿ ಹಾಡಿದ್ದು ಬಸ್ಸಿನಲ್ಲಿ ಕುಲುಕಾಡಿ ಶಿವಮೊಗ್ಗ ಮುಟ್ಟುವಾಗ ಮೂಕವಾಗುವುದು. ಇದನ್ನು ತೊಡೆಯ ಮೇಲಿಟ್ಟುಕೊಂಡು ಕೂತರೆ ಕಂಡಕ್ಟರ್, “ಏನಮ್ಮಾ, ದೇವ್ರ ಪೆಟ್ಟಿಗೇನಾ?” ಎಂದು ಕೈಮುಗಿಯುವಂತೆ ನಟಿಸಿ ನಗುತ್ತಿದ್ದ. ಬೆಸುಗೆ ಬಿಟ್ಟುಹೋದ ಜಾಗ ಹುಡುಕಿ ಹುಡುಕಿ ನನ್ನ ಕಣ್ಣು ಕೆಂಪಾಗಿರುತ್ತಿತ್ತು. ತಲೆ ಚಚ್ಚಿಕೊಳ್ಳುವಂತಾಗುತ್ತಿತ್ತು.

ಆದರೂ ನವರಾತ್ರಿಗೆ ಮುಂಚೆ ಅದು ಹಾಡಿತು. ಅಪ್ಪ ಕರಿ ಎರಡನ್ನು ಒತ್ತಿ, ಪೆಡಲ್ ಮೇಲೆ ಕಾಲಿಟ್ಟು, ಸ್ವರವನ್ನು ಮೆಲ್ಲಗೆ ಏರಿಸಿದರು, ಇಳಿಸಿದರು. ಆಮೇಲೆ ಒಂದು ಭಜನೆಯನ್ನು ಪೂರ್ತಿ ನುಡಿಸಿದರು. ನನಗೆ ಅಳು ತಡೆಯಲಾಗಲಿಲ್ಲ. ಅವರಿಗೂ ಬಂತು, ಆದರೆ ನೆಗಡಿ ಎಂದರು. “ಕಾರ್ತಿಕ ಸೋಮವಾರಕ್ಕೆ ನಾನೇ ನುಡಿಸ್ತೀನಿ ಅಂತ ಮಂಡಳಿಗೆ ಹೇಳಿ ಕಳ್ಸು” ಎಂದು ಅಮ್ಮನಿಗೆ ಆಜ್ಞೆಯಾಯಿತು. ಸುದ್ದಿ ಕೇಳಿ ಅಪ್ಪನ ಹಳೆಯ ಜೋಡಿ, ತಬಲಾ ನುಡಿಸುವ ಮಾಮ, ಓಡಿಬಂದು ಮನೆಯಲ್ಲೇ ಕೂತು ತಾಳ ಹಾಕಿದರು.

ನಡುವೆ ಆಯುಧಪೂಜೆ ಬಂತು. ಆ ದಿನ ಭದ್ರಾವತಿಯಲ್ಲಿ ನಮ್ಮ ಲ್ಯಾಬಿನ ಪೂಜೆ ಮುಗಿಸಿ ನಾನು ಗೋಪಾಳಕ್ಕೆ ಬರುವಷ್ಟರಲ್ಲಿ ಎಲ್ಲ ಆಗಿಹೋಗಿತ್ತು. ಈಳಿಗೆಮಣೆ, ಕತ್ತಿ, ಅಪ್ಪನ ಸೈಕಲ್ಲು, ಇವುಗಳ ಸಾಲಿನಲ್ಲಿ ನನ್ನ ಹಾರ್ಮೋನಿಯಂ. ಹೊಸ ಯಂತ್ರ ಎಂದು ಅದಕ್ಕೆ ವಿಶೇಷ ಮರ್ಯಾದೆ. ಮೇಲಿನ ಹಲಗೆ ತೆಗೆದು, ಒಳಗಿನ ಸರ್ಕ್ಯೂಟ್ ಬೋರ್ಡಿಗೇ ನೀರಲ್ಲಿ ಕಲಸಿದ ವಿಭೂತಿಯ ಮೂರು ಪಟ್ಟೆ ಎಳೆದು, ನಡುವೆ ಕುಂಕುಮ ಇಟ್ಟು, ಕಾಯಿ ಒಡೆದು ಅದರ ನೀರನ್ನು ಧಾರಾಳವಾಗಿ ಚಿಮುಕಿಸಿದ್ದರು.

“ಯಾರು ಮಾಡಿದ್ದು ಇದು?” ಎಂದು ಕಿರುಚಿದೆ.

“ನಾನೇ ಕಣೇ. ಹೊರಗಡೆ ಹಚ್ಚಿದ್ರೆ ಮರಕ್ಕೆ ಪೂಜೆ ಆಗುತ್ತೆ, ಯಂತ್ರ ಒಳಗಲ್ವಾ ಇರೋದು?” ಅಮ್ಮನ ದನಿ ಸಣ್ಣಗಾಗಿತ್ತು.

ನನ್ನ ಲ್ಯಾಬಿನಲ್ಲೂ ಅದೇ ಬೆಳಿಗ್ಗೆ ಆಸಿಲೋಸ್ಕೋಪಿಗೆ ಹಾರ ಹಾಕಿ ಬಂದಿದ್ದವಳು ನಾನು. ಸ್ಪಿರಿಟ್ಟು, ಹಳೆಯ ಹಲ್ಲುಜ್ಜುವ ಬ್ರಷ್ಷು ಹಿಡಿದು ಕೂತೆ. ಕಾಯಿನೀರಿನ ಅಂಟಿನಿಂದ ಸಾ ಒತ್ತಿದರೆ ಪಾ ಕೂಡ ಕೂಗುತ್ತಿತ್ತು. ಪಟ್ಟಿ ಪಟ್ಟಿಯನ್ನೂ ಉಜ್ಜಿ ತೊಳೆದು ಒಣಗಿಸಿದೆ. ಎಲ್ಲ ಸರಿಹೋಯಿತು. ನಾನೇ ನುಡಿಸಿ ನೋಡಿದೆ, ಒಂದು ತಪ್ಪಿಲ್ಲ. ಅಪ್ಪನಿಗೆ ಅಲ್ಲಿಂದ ಕಾರ್ತಿಕದವರೆಗೂ ಮೈ ಸರಿಯಿರಲಿಲ್ಲ, ಪೆಟ್ಟಿಗೆ ಮುಟ್ಟಲಿಲ್ಲ.

ಕಾರ್ತಿಕದ ಮೊದಲ ಸೋಮವಾರ ಮಂಡಳಿಯ ಹಾಲ್ ತುಂಬಿತ್ತು. ಅಪ್ಪನ ಜಾಗದಲ್ಲಿ ಈಚೆಗೆ ನುಡಿಸುತ್ತಿದ್ದ ಮೇಷ್ಟ್ರು ಎದ್ದು, ಅಪ್ಪನ ಕಾಲು ಮುಟ್ಟಿ ಪಕ್ಕಕ್ಕೆ ಕೂತರು. ಅಪ್ಪ ಶುರು ಮಾಡಿದರು. ಎರಡನೇ ಸಾಲಿಗೆ ಬರುವಾಗ ಸ್ವರ ತೊದಲಿತು. ಗಾ ಎಂದು ಒಮ್ಮೆ ಬರಬೇಕಾದ್ದು ಗಾಗಾಗಾ ಎಂದು ಮುಗ್ಗರಿಸಿತು. ಮತ್ತೆ ಮಾದಲ್ಲೂ ಹಾಗೇ. ಹಾಡುವವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾಮ ಅದನ್ನು ಮುಚ್ಚಲು ತಬಲಾವನ್ನು ಜೋರಾಗಿ ಬಾರಿಸಿದರು. ಅಪ್ಪ ಕೈ ತೆಗೆದು, ತೊಡೆಯ ಮೇಲಿಟ್ಟುಕೊಂಡು, “ಮೆಷಿನ್ ಕೈ ಕೊಡ್ತು” ಎಂದು ನಕ್ಕರು. ಮೇಷ್ಟ್ರು ತಮ್ಮ ಹಾರ್ಮೋನಿಯಂ ಎಳೆದುಕೊಂಡು ಮುಂದುವರಿಸಿದರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಮನೆಗೆ ಬಂದ ಕೂಡಲೇ ಅಮ್ಮ, “ನಾನು ಹಾಕಿದ ಕಾಯಿನೀರಿಂದ್ಲೇ ಆಗಿದ್ದು” ಎಂದು ಸೆರಗಲ್ಲಿ ಕಣ್ಣೊರೆಸಿಕೊಂಡಳು. ಅಲ್ಲವೇ ಅಲ್ಲ, ಅದನ್ನೆಲ್ಲ ತೊಳೆದಿದ್ದೇನೆ ಎಂದರೆ ನಂಬುವವರು ಯಾರು?

ಲೋಹದ ಪಟ್ಟಿ ತಾಗುವಾಗ ಕ್ಷಣಕಾಲ ಅದುರುವುದುಂಟು. ಒಂದೇ ಒತ್ತನ್ನು ಮೂರು ಸಲ ಎಂದು ಸುದ್ದಿ ಕಳಿಸುತ್ತದೆ. ಅದೇ ಇರಬೇಕೆಂದು ಪ್ರೋಗ್ರಾಂ ತಿದ್ದಿದೆ. ಪಟ್ಟಿಗಳನ್ನು ಬದಲಾಯಿಸಿದೆ. ತಂತಿ ಬದಲಾಯಿಸಿದೆ. ಭದ್ರಾವತಿಯಲ್ಲಿ ನಾನು ನುಡಿಸಿದರೆ ಸರಿ. ಗೋಪಾಳಕ್ಕೆ ತಂದು ನಾನು ನುಡಿಸಿದರೂ ಸರಿ. ಮಾಮ ಒಂದು ಬೆರಳಲ್ಲಿ ಸರಿಗಮ ಒತ್ತಿದರೂ ಸರಿ. ಅಪ್ಪ ಕೂತರೆ ತೊದಲುತ್ತಿತ್ತು.

“ನಿನ್ನ ಮೆಷಿನ್ನಿಗೆ ನನ್ನ ಕಂಡ್ರೆ ಆಗಲ್ಲ ಮಾರಾಯ್ತಿ” ಎಂದು ಅಪ್ಪ ಗೇಲಿ ಮಾಡಿದರು. ನಾನೂ ನಕ್ಕೆ. ಒಳಗೊಳಗೆ ಪಿತ್ತ ನೆತ್ತಿಗೇರಿತ್ತು. ಲ್ಯಾಬಿನಲ್ಲಿ ವರ್ಷಾನುಗಟ್ಟಲೆ ಹುಡುಗರಿಗೆ ಪಾಠ ಹೇಳಿದವಳು, ಒಂದು ಹಾರ್ಮೋನಿಯಂನ ಫಾಲ್ಟ್ ಹಿಡಿಯಲಾರೆನೇ?

ಮುಂದಿನ ಭಾನುವಾರ ಒಂದು ಕೆಂಪು ದೀಪ ಜೋಡಿಸಿದೆ. ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದು. ಮನೆ ಒತ್ತಿರುವಷ್ಟು ಹೊತ್ತು ಅದು ಉರಿಯಬೇಕು, ಬಿಟ್ಟರೆ ಆರಬೇಕು. ಯಾವ ಮನೆಯ ಪಟ್ಟಿ ಅದುರುತ್ತಿದೆ ಎಂದು ಕಣ್ಣಿಗೇ ಕಾಣಲಿ ಎಂಬುದು ನನ್ನ ಲೆಕ್ಕಾಚಾರ. ಮೊದಲು ನಾನು ಗಾ ಒತ್ತಿ ಹಿಡಿದೆ. ದೀಪ ಸ್ಥಿರವಾಗಿ ಉರಿಯಿತು.

“ಈಗ ನೀವು ಒತ್ತಿ ಅಪ್ಪಾ. ನುಡಿಸ್ಬೇಡಿ, ಸುಮ್ನೆ ಒತ್ತಿಟ್ಕೊಳ್ಳಿ.”

ಅಪ್ಪ ಒತ್ತಿದರು. ದೀಪ ಮಿಣುಕಿತು. ಮನೆ ಬದಲಾಯಿಸಲು ಹೇಳಿದೆ. ಅಲ್ಲೂ ಮಿಣುಕಿತು. ಬೇರೆ ಬೆರಳಿಟ್ಟರು. ಅದಕ್ಕೂ ಮಿಣುಕಿತು. ನಾನು ದೀಪ ಬಿಟ್ಟು ಬೆರಳನ್ನು ನೋಡಿದೆ. ಬಲಗೈ ಬೆರಳು ಸಣ್ಣಗೆ, ನಿಲ್ಲದೆ, ನಡುಗುತ್ತಿತ್ತು. ತಿದಿಯ ಹಾರ್ಮೋನಿಯಂ ಆಗಿದ್ದರೆ ಇಷ್ಟು ನಡುಕವನ್ನು ಗಾಳಿಯಲ್ಲೇ ನುಂಗಿಬಿಡುತ್ತಿತ್ತೋ ಏನೋ. ನಾನು ಕಟ್ಟಿದ್ದು ಪ್ರತಿಯೊಂದನ್ನೂ ಇದ್ದಂತೆ ಹೇಳುತ್ತಿತ್ತು. ಆ ಯಂತ್ರದಲ್ಲಿ ಯಾವ ತಪ್ಪೂ ಇರಲಿಲ್ಲ.

ಅಪ್ಪನೂ ದೀಪವನ್ನೇ ನೋಡುತ್ತಿದ್ದರು.

“ದೀಪ ಲೂಸಾಗಿದೆ, ನೋಡು” ಎಂದರು.

ಬಾಗಿಲ ಬಳಿ ಅಮ್ಮ ನಿಂತಿದ್ದಳು. ಅವಳ ಕಣ್ಣೂ ಅಪ್ಪನ ಬೆರಳ ಮೇಲೇ ಇತ್ತು. “ಕಾಯಿನೀರು ಅಲ್ಲೂ ಹೋಗಿರ್ಬೇಕು. ಎಲ್ಲ ನಂದೇ ತಪ್ಪು” ಎಂದಳು. ಈ ಸಲ ಅಳಲಿಲ್ಲ. ನನ್ನನ್ನು ದಿಟ್ಟಿಸಿ ನೋಡುತ್ತ, ಒಪ್ಪಿಕೋ ಎನ್ನುವ ಹಾಗೆ ಹೇಳಿದಳು.

“ಹೌದಪ್ಪಾ, ಲೂಸಾಗಿದೆ” ಎಂದೆ.

ಏನೂ ಆಗದ ದೀಪವನ್ನು ಕಿತ್ತು ಮತ್ತೆ ಬೆಸೆದೆ. ಕಾದ ಬೆಸುಗೆ ಕಡ್ಡಿಯ ತುದಿ ಎಲ್ಲಿಗೆ ತಾಗಿಸಬೇಕೆಂದು ನನಗೇ ಕಾಣುತ್ತಿರಲಿಲ್ಲ, ಕಣ್ಣು ತುಂಬಿತ್ತು. ಹೊಗೆ ಎಂದೆ. ಮುಗಿಸಿ, ಈಗ ಒತ್ತಿ ನೋಡಿ ಎನ್ನಲು ಬಾಯಿ ಬರಲಿಲ್ಲ.

“ನೀನೇ ಒತ್ತು” ಎಂದರು ಅಪ್ಪ. ಒತ್ತಿದೆ. ದೀಪ ಅಲುಗಾಡದೆ ಉರಿಯಿತು.

“ದೀಪ ಸರಿಯಾಯ್ತು. ಒಳಗಿಂದು ಇನ್ನೂ ಇದೆ. ಈ ಸೋಮವಾರ ಬರಕ್ಕಾಗಲ್ಲ, ಮೆಷಿನ್ ರಿಪೇರಿಲಿದೆ ಅಂತ ಮಂಡಳಿಗೆ ಹೇಳಿಬಿಡು” ಎಂದು ಅಪ್ಪ ಅಮ್ಮನ ಕಡೆ ತಿರುಗಿ ಹೇಳಿದರು.

ಡಾಕ್ಟರ ಹತ್ತಿರ ಹೋದೆವು. ನರದ ದೌರ್ಬಲ್ಯ ಎಂದರು, ಮಾತ್ರೆ ಕೊಟ್ಟರು. ಮಾತ್ರೆಯಿಂದ ನಿದ್ದೆ ಬಂತೇ ಹೊರತು ನಡುಕ ನಿಲ್ಲಲಿಲ್ಲ. ಕಾರ್ತಿಕ ಮುಗಿಯಿತು. ಅಪ್ಪ ಮಾತ್ರ ಕೇಳಿದವರಿಗೆಲ್ಲ, “ಮಗಳು ರಿಪೇರಿ ಮಾಡ್ತಾ ಇದಾಳೆ, ಆದ್ಮೇಲೆ ಬರ್ತೀನಿ” ಎಂದೇ ಹೇಳುತ್ತಿದ್ದರು. ಹಾಗಾಗಿ ನಾನು ಭಾನುವಾರ ಭಾನುವಾರ ಭದ್ರಾವತಿಯಿಂದ ಬಂದು, ನಡುಮನೆಯಲ್ಲಿ ಚಾಪೆ ಹಾಸಿ, ಸರಿಯಾಗೇ ಇರುವ ಯಂತ್ರವನ್ನು ಬಿಚ್ಚಿ ಹರಡಿಕೊಂಡು ಕೂರುತ್ತಿದ್ದೆ. ಸಂಜೆ ಮತ್ತೆ ಜೋಡಿಸುತ್ತಿದ್ದೆ. ಇದಕ್ಕಿಂತ ಕಷ್ಟದ ಕೆಲಸವನ್ನು ನಾನು ಜೀವನದಲ್ಲಿ ಮಾಡಿಲ್ಲ.

ಅಂಥ ಒಂದು ಭಾನುವಾರ ಮಾಮ ಬಂದರು. ಚಾಪೆಯ ಮೇಲಿನ ರಾಶಿ ನೋಡಿ ಅವರಿಗೆ ನಿಜವಾಗಿಯೂ ಬೇಸರವಾಯಿತು.

“ಇನ್ನೂ ಆಗ್ಲಿಲ್ವೇನಮ್ಮಾ? ಎಷ್ಟು ದಿನ ಅಂತ ಕಾಯೋದು? ಇಷ್ಟೆಲ್ಲ ಓದಿ, ಹುಡುಗ್ರಿಗೆ ಹೇಳ್ಕೊಡ್ತೀಯ, ಒಂದು ಫಾಲ್ಟ್ ಸಿಗಲ್ವಾ ನಿಂಗೆ?”

“ಸಿಗ್ತಾ ಇಲ್ಲ ಮಾಮಾ” ಎಂದೆ. “ನಂಗೆ ಗೊತ್ತಾಗ್ತಾ ಇಲ್ಲ.”

ಅಪ್ಪ ಮಂಚದ ಮೇಲೆ ಕೂತಿದ್ದರು. ಎರಡೂ ಕೈ ಶಾಲಿನ ಒಳಗಿದ್ದವು.

“ಅವಳಿಗೆ ಏನೂ ಅನ್ಬೇಡ ಮಾರಾಯ” ಎಂದರು. “ಅವಳಿಗೆ ಗೊತ್ತು ಎಲ್ಲಾ.”