ಮಿಡತಿ ಗಾಡಿಯ ಬಣ್ಣ ಬಿಡಿಸಿದ ರೇವವ್ವ

ಸಿಂದಗಿಯಿಂದ ವಿಜಾಪುರದ ಮೊದಲ ಬಸ್ಸು ಹೊರಡುವ ಹೊತ್ತಿಗೆ ರೇವವ್ವನ ಅಂಗೈ ಆಗಲೇ ಕೆಂಪಾಗಿರುತ್ತದೆ. ಆಕೆ ಬಯ್ಯುತ್ತ ಕೆಲಸ ಮಾಡುವ ಹೆಂಗಸು. ಬಯ್ಗುಳವೆಲ್ಲ ಎದುರಿಗೆ ನಿಂತ ಟ್ರ್ಯಾಲಿಗೆ. "ಬಿಡು ಅಂದ್ರ ಬಿಡವಲ್ದು ನೋಡು, ಎಂಥಾ ಹಟಮಾರಿ!" ಎಂದು ತುಕ್ಕಿನ ಮೇಲೆ ನೀರು ಚಿಮುಕಿಸುತ್ತಾಳೆ, ಪಾಲಿಶ್ ಪೇಪರನ್ನು ಮಡಿಚಿ ಮತ್ತೆ ಉಜ್ಜುತ್ತಾಳೆ. ಬಾಯಲ್ಲೊಂದು ಬೆಲ್ಲದ ಚೂರು. ಬಣ್ಣದ ಧೂಳು ಗಂಟಲಿಗೆ ಇಳಿಯದಿರಲಿ ಎಂದು ಆಕೆ ಕಂಡುಕೊಂಡ ಔಷಧ ಅದು. ಸೂರ್ಯ ನೀರಿನ ಟಾಕಿಯ ಮೇಲೆ ಬರುವಷ್ಟರಲ್ಲಿ ಟ್ರ್ಯಾಲಿಯ ಒಂದು ಮಗ್ಗುಲು ಬರಿ ತಗಡಾಗಿ ಹೊಳೆಯುತ್ತದೆ.

ಇದು ಪರಪ್ಪ ಪೇಂಟರನ ಅಂಗಳ. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಎಲ್ಲ ಕಡೆಯ ಲಾರಿ, ಟ್ರ್ಯಾಕ್ಟರುಗಳು ಹೊಸ ಬಣ್ಣಕ್ಕೆ ಇಲ್ಲಿಗೇ ಬರುತ್ತವೆ. ಹೊಸ ಬಣ್ಣ ಹಚ್ಚಬೇಕಾದರೆ ಹಳೆಯದನ್ನು ಹೆರೆದು ತೆಗೆಯಬೇಕಲ್ಲ, ಆ ಕೆಲಸ ರೇವವ್ವನದು. ಬಣ್ಣ ಒಣಗಿದ ಮೇಲೆ ಮೂಲೆಯಲ್ಲಿ 'ಪರಪ್ಪ ಆರ್ಟ್ಸ್, ಸಿಂದಗಿ' ಎಂದು ಹೆಸರು ಬೀಳುತ್ತದೆ. ಹೆರೆದವರ ಹೆಸರು ಬರೆಯುವ ರೂಢಿ ಯಾವ ಊರಲ್ಲೂ ಇಲ್ಲ. ರೊಟ್ಟಿ ಬಡಿದವಳನ್ನಾದರೂ ಉಂಡವರು ಒಮ್ಮೆ ಕೇಳಿಯಾರು. ಇವಳ ಕೆಲಸ ಚೆನ್ನಾದಷ್ಟೂ ಅದರ ಮೇಲೆ ಕೂರುವ ಬಣ್ಣಕ್ಕೆ ಹೊಗಳಿಕೆ ಹೆಚ್ಚು.

ಗೊಳಸಂಗಿಯಲ್ಲಿ ಕುರಿ ಕಾಯುತ್ತ ಬೆಳೆದ ರೇವವ್ವ ಸಿಂದಗಿಗೆ ಸೊಸೆಯಾಗಿ ಬಂದವಳು. ಗಂಡ ಇದೇ ಅಂಗಳದಲ್ಲಿ ತಗಡು ಬಡಿಯುತ್ತಿದ್ದ. ಅವನಿಗೆ ಬುತ್ತಿ ತಂದಾಗ ಸುಮ್ಮನೆ ಕೂರಲಾರದೆ ಪಾಲಿಶ್ ಪೇಪರು ಹಿಡಿದಳು. ಅವನು ಹೋದ ಮೇಲೂ ಆ ಪೇಪರನ್ನು ಬಿಡಲಿಲ್ಲ. ಬೆರಳುಗಳ ಗೆರೆಗಳು ಸವೆದು ಹೋಗಿವೆ. ರೇಶನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದರೆ ಬರಿ ಮಸಿಯ ಬೊಟ್ಟು. "ಗಟ್ಟಿಯಾಗಿ ಒತ್ತವಾ ಅಂತಾರ್ರಿ. ಇನ್ನೆಷ್ಟು ಗಟ್ಟಿ ಒತ್ತಲಿ? ಇರೂದ ಅಷ್ಟ ಬೆರಳು" ಎಂದು ನಗುತ್ತಾಳೆ.

ಹೀಗೆ ಯಾರ ಕಣ್ಣಿಗೂ ಬೀಳದೆ ದುಡಿಯುತ್ತಿದ್ದವಳ ಎದುರಿಗೆ ಹೋದ ವರ್ಷ, ಅಂದರೆ ೨೦೦೨ರ ದಸರೆಗೆ ಮುಂಚೆ, ಒಂದು ವಿಚಿತ್ರ ಗಾಡಿ ಬಂದು ನಿಂತಿತು.

ಕನ್ನೊಳ್ಳಿಯ ರೈತ ರಾಚಪ್ಪ ಅದನ್ನು ಟ್ರ್ಯಾಲಿಯ ಮೇಲೆ ಹೇರಿಕೊಂಡು ತಂದಿದ್ದ. ಗಾಡಿಯ ಮೂತಿ ಟ್ರ್ಯಾಲಿಯಾಚೆ ಚಾಚಿಕೊಂಡಿತ್ತು, ಅಷ್ಟು ಉದ್ದ. ಎತ್ತರ ನೋಡಿದರೆ ಮೊಣಕಾಲಿಗಿಂತ ತುಸು ಮೇಲೆ. ಮುಂದೆ ಸೈಕಲ್ಲಿನಂಥ ಸಪೂರ ಗಾಲಿ, ಹಿಂದೆ ದಪ್ಪ ಗಾಲಿ, ಅವುಗಳ ನಡುವೆ ಒಬ್ಬನೇ ಕೂರುವ ಸೀಟು. ಎಂಜಿನ್ ಇರಬೇಕಾದ ಜಾಗ ಖಾಲಿ. ಮೈತುಂಬ ಎತ್ತಿನ ಬಂಡಿಯ ಹಸಿರು ಬಣ್ಣ. ಊರವರು ಇದಕ್ಕೆ ಮಿಡತಿ ಗಾಡಿ ಎಂದು ಹೆಸರಿಟ್ಟಿದ್ದರು.

ಅದನ್ನು ಊರಿಗೆ ತಂದವನು ರಾಚಪ್ಪನ ಅಣ್ಣ ಕಲ್ಮೇಶ. ಹರೆಯದಲ್ಲಿ ಮದ್ರಾಸಿಗೆ ಹೋಗಿ ಮೋಟಾರು ರಿಪೇರಿ ಕಲಿತು, ಕೆಲವು ವರ್ಷದ ಮೇಲೆ ಈ ಗಾಡಿಯ ಸಮೇತ ಲಾರಿಯಿಂದ ಇಳಿದಿದ್ದ. ಕೈಯಾರೆ ಕಟ್ಟಿದ್ದೇನೆ, ಇದರಲ್ಲೇ ಶರ್ಯತ್ತು ಗೆದ್ದಿದ್ದೇನೆ ಎಂದ. ಎಷ್ಟು ದೂರದ ಶರ್ಯತ್ತು ಎಂದು ಕೇಳಿದರು. ಕಾಲು ಮೈಲಿ, ಅದೂ ನೆಟ್ಟಗೆ, ಎಂದ. ಅಗಸಿಯ ಕಟ್ಟೆಯ ಮೇಲಿದ್ದವರು ಬಿದ್ದು ಬಿದ್ದು ನಕ್ಕರು. ಎಲೆ ಮಡಚಿ ಬಾಯಿಗಿಡುವುದರೊಳಗೆ ಮುಗಿಯುವುದೂ ಒಂದು ಶರ್ಯತ್ತೇ? ಅಂದಿನಿಂದ ಅವನು ಬಂಡಲ್ ಕಲ್ಮೇಶನಾದ. ಎಂಜಿನ್ ಬಾವಿಯ ಪಂಪಿಗೆ ಹೋಯಿತು, ಆಮೇಲೆ ಎಲ್ಲಿಗೋ ಹೋಯಿತು. ಕಾಮಾಲೆ ಬಂದು ಕಲ್ಮೇಶನೂ ಹೋದ. ಆ ಅಡ್ಡಹೆಸರು ಮಾತ್ರ ಊರಲ್ಲಿ ಉಳಿಯಿತು, ಅದನ್ನು ಕೇಳಿಸಿಕೊಳ್ಳಲು ಹೆಂಡತಿ ಹೊನ್ನವ್ವ ಉಳಿದಳು.

ಗಾಡಿಯನ್ನು ಕತ್ತರಿಸಿ, ಹಿಂದಿನ ಅಚ್ಚು ಉಳಿಸಿಕೊಂಡು ನೀರಿನ ಟ್ಯಾಂಕರ್ ಮಾಡಿಸುವುದು ರಾಚಪ್ಪನ ಲೆಕ್ಕಾಚಾರ. ಕತ್ತರಿಸುವ ಮುಂಚೆ ಬಣ್ಣ ತೆಗೆಸಬೇಕಿತ್ತು. ಕಡೆಯ ಸಲ ನೋಡಿ ಬರುತ್ತೇನೆ ಎಂದು ಹೊನ್ನವ್ವನೂ ಟ್ರ್ಯಾಲಿ ಹತ್ತಿದ್ದಳು. ಗಾಡಿ ಇಳಿಸುವಾಗ ಅದರ ಸೀಟಿನ ಮೇಲಿನ ಕಸವನ್ನು ಆಕೆ ಸೆರಗಿನಿಂದ ಒರೆಸಿದ್ದನ್ನು ರೇವವ್ವ ನೋಡಿದಳು.

ಆ ಹೊತ್ತಿಗೆ ಅಂಗಳದಲ್ಲಿ ಆಲಮಟ್ಟಿ ಡ್ಯಾಮಿನ ಮೆಕ್ಯಾನಿಕ್ ಸಂಗಮೇಶನಿದ್ದ. ಬಣ್ಣ ಹಚ್ಚಲು ಬಿಟ್ಟಿದ್ದ ತನ್ನ ಜೀಪನ್ನು ಒಯ್ಯಲು ಬಂದವನು ಅದನ್ನು ಮರೆತೇಬಿಟ್ಟ. ಮಿಡತಿ ಗಾಡಿಯ ಸುತ್ತ ಸುತ್ತಿದ, ಕುಕ್ಕರಗಾಲಲ್ಲಿ ಕೂತು ಮುಂದಿನ ಗಾಲಿ ತಿರುಗಿಸಿದ.

"ಮುಂದ ಬ್ರೇಕ ಇಲ್ಲ ನೋಡ್ರಿ! ರಾಚಪ್ಪನವರ, ಇದು ಡ್ರ್ಯಾಗ್ ರೇಸಿನ ಗಾಡಿ ಐತ್ರಿ. ನಾ ಮದ್ರಾಸಿನ್ಯಾಗ ಕೆಲಸ ಕಲಿಯೂ ಮುಂದ ಕಣ್ಣಾರೆ ನೋಡೇನಿ. ಹಳೇ ವಿಮಾನಪಟ್ಟಿ ಮ್ಯಾಲ ಎರಡೆರಡು ಗಾಡಿ ಜೋಡೀಲೆ ನಿಲ್ಲಿಸಿ ಬಿಡ್ತಿದ್ರು. ನೆಟ್ಟಗ ಓಡೂದು, ಯಾವುದು ಮುಂದ ಮುಟ್ಟತೈತಿ ಅದು ಗೆದ್ಹಂಗ."

ಹೊನ್ನವ್ವ ಗಾಡಿಯನ್ನು ಹಿಡಿದುಕೊಂಡು ನಿಂತಳು. ರಾಚಪ್ಪ ಮಾತ್ರ ಸುಲಭಕ್ಕೆ ಬಗ್ಗುವ ಆಸಾಮಿಯಲ್ಲ. "ರೇಸಿನ ಗಾಡಿ ಇರಬಹುದ್ರಿ. ನಮ್ಮಣ್ಣ ಓಡಿಸಿದ್ದ, ಗೆದ್ದಿದ್ದ ಅನ್ನೂದಕ್ಕ ಖೂನ ಗುರುತ ಏನೈತಿ? ಯಾರದರೆ ಹಳೇದನ್ನ ಗುಜರ್ಯಾಗಿಂದ ತಂದಿರಬಹುದಲ್ಲ?"

ಸಂಗಮೇಶನ ಗೆಳೆಯನೊಬ್ಬ ಇನ್ನೂ ಮದ್ರಾಸಿನಲ್ಲಿದ್ದ. ಅಲ್ಲಿನ ರೇಸಿನ ಕ್ಲಬ್ಬೊಂದರಲ್ಲಿ ಹಳೆಯ ಫೋಟೋಗಳಿದ್ದವು. ಗಾಡಿಯ ನಂಬರೋ ಬೇರೆ ಯಾವುದಾದರೂ ಗುರುತೋ ಸಿಕ್ಕರೆ ಹೋಲಿಸಿ ನೋಡಬಹುದು ಎಂದ. ಊರಿಗೆ ಬಂದ ವರ್ಷವೇ ಬಂಡಿಯ ಬಣ್ಣದಡಿ ಮುಚ್ಚಿಹೋದದ್ದು ಮನೆಯವರಿಗೆ ಯಾರಿಗೂ ನೆನಪಿರಲಿಲ್ಲ. ಸೋಮವಾರ ಗ್ಯಾಸ್ ಕಟರಿನವನು ಬರುತ್ತಾನೆ, ಅಷ್ಟರಲ್ಲಿ ಸಿಕ್ಕರೆ ಉಳಿಯಲಿ, ಇಲ್ಲದಿದ್ದರೆ ಇಲ್ಲ ಎಂದು ರಾಚಪ್ಪ ಗಡುವು ಕೊಟ್ಟ.

ಅವಸರದ ಕೆಲಸವೆಂದು ಪರಪ್ಪ ಬಣ್ಣ ಸುಡುವ ಬ್ಲೋ ಲ್ಯಾಂಪ್ ಹೊತ್ತಿಸಿದ. ರೇವವ್ವ ಎದ್ದು ಬಂದು ಗಾಡಿಗೂ ಅವನಿಗೂ ನಡುವೆ ನಿಂತಳು.

"ಬೆಂಕಿ ಹಿಡಿದ್ರ ತಳದಾಗಿನದೂ ಗುಳ್ಳಿ ಎದ್ದು ಹೋಗತೈತಿ. ನಾ ಕೈಲೇ ತಗೀತೇನಿ."

"ಯಕ್ಕಾ, ಟ್ರ್ಯಾಲಿ ಸಾಲ ಹಚ್ಚಿ ಕಾಯಾಕತ್ತಾವ!"

"ಕಾಯ್ಲಿ ತಗೊ. ಈ ಅವ್ವಾರು ಕಾದಷ್ಟೇನ ಕಾದಿಲ್ಲ ಅವು."

ಕೈಯಿಂದ ತೆಗೆಯುವುದೆಂದರೆ ಹುಡುಗಾಟವಲ್ಲ. ಈ ಸೀಮೆಯ ಮನೆಗಳಲ್ಲಿ ಮಹಾನವಮಿಯ ಖಂಡೆಪೂಜೆಗೆ ಕಬ್ಬಿಣದ ಸಾಮಾನನ್ನೆಲ್ಲ ತೊಳೆದು ಬಣ್ಣ ಬಳಿಯುತ್ತಾರೆ, ಮೇಲೆ ಸುಣ್ಣದಿಂದ ವಿಭೂತಿಯಂತೆ ಮೂರು ಗೆರೆ ಎಳೆಯುತ್ತಾರೆ. ಮಿಡತಿ ಗಾಡಿ ಕೆಲಸಕ್ಕೆ ಬಾರದಿದ್ದರೇನು, ಕಬ್ಬಿಣವಂತೂ ಹೌದಲ್ಲ! ಅದಕ್ಕೂ ವರ್ಷ ವರ್ಷ ಬಂಡಿಗೆ ಬಳಿದು ಉಳಿದ ಬಣ್ಣ, ಅದಕ್ಕೂ ಮೂರು ಗೆರೆ. ಅಷ್ಟೂ ವರ್ಷದ ಪೂಜೆ ಅದರ ಮೈಮೇಲೆ ಪದರ ಪದರವಾಗಿ ಕೂತಿತ್ತು. ತುಕ್ಕು ಒಳಗೆ ಹೋಗದಂತೆ ಕಾಯ್ದದ್ದೂ ಅದೇ.

ರೇವವ್ವ ಒಂದು ಪದರ ತೆಗೆಯುವಳು. ಅದರಡಿಯ ಸುಣ್ಣದ ಗೆರೆಗಳನ್ನು ಹಸಿ ಬಟ್ಟೆಯಿಂದ ಒರೆಸುವಳು. ಮತ್ತೆ ಮುಂದಿನ ಪದರ. ಸಿಂದಗಿಯಲ್ಲೇ ನೆಂಟರ ಮನೆಯಲ್ಲಿ ಉಳಿದುಕೊಂಡ ಹೊನ್ನವ್ವ ದಿನವೂ ಬಂದು ಪಕ್ಕದಲ್ಲಿ ಕೂತು ಒಂದೊಂದೇ ಬಣ್ಣವನ್ನು ಗುರುತಿಸುತ್ತಿದ್ದಳು. "ಈ ನೀಲಿ ಹೊಸ ಬಂಡಿ ಮಾಡಿಸಿದ ವರ್ಷದ್ದು. ಈ ಹಳದಿ ಮಗಳ ಲಗ್ನದಾಗ ಬಾಗಲಾಕ್ಕ ಹಚ್ಚಿ ಉಳಿದಿದ್ದು. ಹಿಂದ ಹಿಂದಕ್ಕ ಹೊಂಟೀವಿ ನೋಡು ತಂಗಿ."

ಭುಜ ಸಿಡಿಯುತ್ತಿತ್ತು. ಬೆರಳ ಸಂದಿ ಒಡೆದು ಉಪ್ಪು ಸವರಿದಂತೆ ಉರಿಯುತ್ತಿತ್ತು. ರೇವವ್ವ ಬಟ್ಟೆ ಸುತ್ತಿಕೊಂಡು ಉಜ್ಜಿದಳು. ಭಾನುವಾರ ಮಧ್ಯಾಹ್ನ ಮೂತಿಯ ಮೇಲೆ ಒಂದು ದಟ್ಟ ಕೆಂಪು ಬಣ್ಣ ಕಾಣಿಸಿತು, ಅದರ ಮೇಲೆ ಮತ್ತವೇ ಮೂರು ಬಿಳಿ ಗೆರೆ. ಹೊನ್ನವ್ವ ಚಹಾ ತರಲು ಹೋಗಿದ್ದಳು. ರೇವವ್ವನ ಕೈಗೆ ರೂಢಿಯಾಗಿಬಿಟ್ಟಿತ್ತು ನೋಡಿ, ಹಸಿ ಬಟ್ಟೆಯಿಂದ ಒರೆಸಿತು. ಗೆರೆ ಹೋಗಲಿಲ್ಲ. ಹಳೆಯ ಸುಣ್ಣ ಗಟ್ಟಿಯಾಗಿರಬೇಕು ಎಂದು ಪಾಲಿಶ್ ಪೇಪರಿನಿಂದ ಜೋರಾಗಿ ಉಜ್ಜಿದಳು. ಮೇಲಿನ ಗೆರೆಯ ತುದಿ ಎದ್ದು ಬಂದು ಪೇಪರಿಗೆ ಬೆಳ್ಳಗೆ ಮೆತ್ತಿಕೊಂಡಿತು.

"ಎದಿ ಧಸಕ್ ಅಂತ್ರಿ" ಎನ್ನುತ್ತಾಳೆ ರೇವವ್ವ, ಇವತ್ತಿಗೂ ಆ ಮಾತು ಬಂದಾಗ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು. "ಸುಣ್ಣ ಆದ್ರ ನೀರಿಗೆ ಬಿಡಬೇಕು. ಇದು ಬಿಡಲಿಲ್ಲ. ಇದು ಎಣ್ಣಿ ಬಣ್ಣ. ಪೂಜಾದ್ದಲ್ಲ, ಯಾರೋ ಬೇಕಂತ ಬರದದ್ದು. ಯವ್ವಾ, ನಾನ ಅಳಿಸಾಕ ಹತ್ತಿದ್ನಲ್ಲಾ ಅಂತ ಪೇಪರ ಕೆಳಗಿಟ್ನಿ."

ಆದರೂ ಆಕೆ ಕೆಲಸ ಬಿಡಲಿಲ್ಲ. ನೀರು ಹೆಚ್ಚು ಮಾಡಿ, ಸವೆದ ಪೇಪರು ಆರಿಸಿಕೊಂಡು, ಕೂಸಿನ ಮೈ ತಿಕ್ಕಿದಂತೆ ಮೆಲ್ಲಗೆ ತಿಕ್ಕುತ್ತ ಹಿಂದಕ್ಕೆ ಸರಿದಳು. ಗೆರೆಗಳ ಹಿಂದೆ, ಮಗ್ಗುಲಲ್ಲಿ, ಬಿಳಿ ವೃತ್ತದೊಳಗೆ ೪೧ ಎಂಬ ನಂಬರು ಎದ್ದಿತು.

ಚಹಾ ಹಿಡಿದು ಬಂದ ಹೊನ್ನವ್ವ ನಂಬರನ್ನು ನೋಡಲೇ ಇಲ್ಲ. ಅವಳ ಕಣ್ಣು ಗೆರೆಗಳ ಮೇಲೇ ನಿಂತವು. "ಇಬತ್ತಿ! ನಡುವಿನ ಗೆರಿ ಉದ್ದ... ಅವರ ಹಣೀಮ್ಯಾಲ ಹಿಂಗ ಇರ್ತಿತ್ತು."

ಸಂಜೆ ಸಂಗಮೇಶ ಎಸ್‌ಟಿಡಿ ಬೂತಿನಿಂದ ಮದ್ರಾಸಿಗೆ ಫೋನು ಹಚ್ಚಿ ನಂಬರನ್ನಷ್ಟೇ ಹೇಳಿದ. ಗೆಳೆಯ ಹುಡುಕಿ ತಿರುಗಿ ಫೋನು ಮಾಡುವವರೆಗೆ ರಾಚಪ್ಪ, ಪರಪ್ಪ, ಹೊನ್ನವ್ವ, ರೇವವ್ವ ಎಲ್ಲರೂ ಬೂತಿನ ಬಾಗಿಲಲ್ಲೇ. ಕೊನೆಗೆ ಫೋನಿನ ಗಂಟೆ ಹೊಡೆಯಿತು. ಕೇಳಿಸಿಕೊಂಡದ್ದನ್ನು ಸಂಗಮೇಶ ಗಟ್ಟಿಯಾಗಿ ಕನ್ನಡದಲ್ಲಿ ಹೇಳುತ್ತ ಹೋದ. ನಂಬರು ೪೧ರ ಗಾಡಿ ಒಂದು ಸಲ ಕೊನೆಯ ಓಟ ಗೆದ್ದಿದೆ. ಫೋಟೋ ಇದೆ. ಓಡಿಸಿದವನ ಮುಖ ಹೆಲ್ಮೆಟ್ಟಿನಲ್ಲಿ ಮುಚ್ಚಿದೆ, ಹೆಸರು ಯಾರೂ ಬರೆದಿಟ್ಟಿಲ್ಲ. "ಮೂತಿ ಮ್ಯಾಲ ಮೂರು ಬಿಳಿ ಗೆರಿ ಅದಾವಂತ, ನಡುವಿಂದು ಉದ್ದಂತ. ಯಾವ ಕಂಪನೀ ಗುರುತು ಅಂತ ಆ ಕ್ಲಬ್ಬಿನವರು ಇವತ್ತಿಗೂ ಹುಡುಕಾಕತ್ತಾರಂತ. ನಿಮ್ಮ ಗಾಡಿಗೆ ಅವು ಅದಾವೇನು ಅಂತ ಕೇಳಾಕತ್ತಾನ."

ಪರಪ್ಪ ಹೋ ಎಂದು ನಕ್ಕ. "ಕಂಪನಿ ಅಂತ ಕಂಪನಿ! ನಮ್ಮೂರಾಗ ಎತ್ತಿನ ಹಣೀಗೂ ಐತಿ ಆ ಕಂಪನಿ!"

ರಾಚಪ್ಪನಿಗೆ ನಗು ಬರಲಿಲ್ಲ. ತಲೆಯ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡ. "ವೈನಿ, ತಪ್ಪಾತು. ಅದು ಅಣ್ಣನ ಇಬತ್ತೀನ. ಅಣ್ಣ ಖರೇನ ಹೇಳಿದ್ದ."

ಹೊನ್ನವ್ವ ರೇವವ್ವನ ಹೆಗಲ ಮೇಲೆ ತಲೆಯಿಟ್ಟು ಅತ್ತುಬಿಟ್ಟಳು. "ನಾನೂ ನಂಬಿರಲಿಲ್ಲ ತಂಗಿ. ಊರು ನಗೂ ಮುಂದ ಸೆರಗ ಮರಿ ಮಾಡಿ ನಾನೂ ನಕ್ಕಿದ್ನಿ. ಅವರಿಗೆ ಅದು ಕಂಡಿತ್ತೇನೋ, ಏನ ಸುಡುಗಾಡೋ." ರೇವವ್ವ ಬಟ್ಟೆ ಸುತ್ತಿದ ಕೈಯಿಂದ ಬೆನ್ನು ಸವರುತ್ತ ನಿಂತಳು.

ಗ್ಯಾಸ್ ಕಟರಿನವನು ಸೋಮವಾರ ಬಂದು ಚಹಾ ಕುಡಿದು ವಾಪಸು ಹೋದ. ಕಲ್ಮೇಶಣ್ಣನ ಗಾಡಿಗೆ ಫಳಫಳ ಕೆಂಪು ಹಚ್ಚಿ, ಎದ್ದುಹೋದ ಗೆರೆಯ ತುದಿಯನ್ನೂ ತಿದ್ದಿ ಕೊಡುತ್ತೇನೆ ಎಂದು ಪರಪ್ಪ ಖುಷಿಯಿಂದ ಡಬ್ಬಿ ತೆರೆದ. ಈ ಸಲವೂ ರೇವವ್ವ ಅಡ್ಡ ನಿಂತಳು. ತುದಿ ಕೆಡಿಸಿದ್ದು ತಾನು, ಅದು ಹಾಗೇ ಕಾಣಲಿ, ಉಳಿದದ್ದು ಕಲ್ಮೇಶ ಬರೆದ ಹಾಗೇ ಇರಲಿ ಎಂದಳು. ಹೊನ್ನವ್ವ ಹೂಂ ಎಂದಳು. ಅಲ್ಲಿಗೆ ಪರಪ್ಪ ಡಬ್ಬಿ ಮುಚ್ಚಿದ.

ಆ ಮಹಾನವಮಿಗೆ ಕನ್ನೊಳ್ಳಿಯ ಮನೆಯಲ್ಲಿ ಕುಂಟೆ, ಕೂರಿಗೆ, ಬಂಡಿಗಳೆಲ್ಲ ಹೊಸ ಬಣ್ಣ ಕಂಡವು. ರಾಚಪ್ಪ ರೂಢಿಯಂತೆ ಉಳಿದ ಬಣ್ಣ ಹಿಡಿದು ಮಿಡತಿ ಗಾಡಿಯ ಕಡೆಗೂ ನಡೆದ, ನಾಲ್ಕು ಹೆಜ್ಜೆ ಹೋದವನು ತಾನೇ ನಾಲಿಗೆ ಕಚ್ಚಿಕೊಂಡು ತಿರುಗಿದ. ಹೊನ್ನವ್ವ ಗಾಡಿಯ ಮುಂದೆ ಕಾಯಿ ಒಡೆಸಿ, ಆರತಿ ಬೆಳಗಿದಳು. ಮೊದಲ ಆರತಿ ತೆಗೆದುಕೊಳ್ಳಲು ರೇವವ್ವನನ್ನು ಸಿಂದಗಿಯಿಂದ ಕರೆಸಿದ್ದರು.

ಈಗ ತವರೂರು ಗೊಳಸಂಗಿಗೆ ಹೋಗುವಾಗಲೆಲ್ಲ ರೇವವ್ವ ಮೊದಲು ಕನ್ನೊಳ್ಳಿಗೆ ಹೋಗಿ ಗಾಡಿ ನೋಡಿಕೊಂಡೇ ಮುಂದಕ್ಕೆ ಹೋಗುತ್ತಾಳೆ. ಇದೆಲ್ಲಿಯ ಸುತ್ತಿನ ದಾರಿ ಎಂದು ಕಂಡಕ್ಟರ್ ಕೂಡ ತಮಾಷೆ ಮಾಡುತ್ತಾನಂತೆ. ಅಂಥದ್ದೇನಿದೆ ಅದರಲ್ಲಿ ನೋಡುವುದಕ್ಕೆ ಎಂದು ಕೇಳಿದರೆ, ಅರ್ಧ ಹೆರೆದ ಟ್ರ್ಯಾಲಿಗೆ ನೀರು ಚಿಮುಕಿಸುತ್ತ ಹೇಳುತ್ತಾಳೆ:

"ಇಷ್ಟು ವರ್ಷ ನಾ ಏನ ಉಜ್ಜಿದ್ರೂ ಅದರ ಮ್ಯಾಲ ಯಾರರೆ ಬಣ್ಣಾ ಬಳದಾರ್ರಿ. ನಾ ಮಾಡಿದ್ದು ಮರುದಿನ ನನಗ ಕಾಣ್ತಿರಲಿಲ್ಲ. ಇದೊಂದರ ಮ್ಯಾಲ ಯಾರೂ ಬಳೀಲಿಲ್ಲ. ಹೋದಾಗೊಮ್ಮೆ ನೋಡ್ತೇನಿ. ನನ್ನ ಕೆಲಸ ಅಲ್ಲೇ ಐತಿ."