ಹತ್ತು ನಿಮಿಷದಲ್ಲಿ ಮುಗಿಯುವ ಅಡುಗೆ

ಮದುವೆಯಾದ ಮೇಲೂ ಅವಳು ಬುಕ್ ಬೈಂಡಿಂಗ್ ಅಂಗಡಿಯ ಕೆಲಸ ಬಿಟ್ಟಿರಲಿಲ್ಲ. ಪ್ರೆಸ್ಸಿನಿಂದ ಬಂದ ಹಾಳೆ ಮಡಚುವುದು, ಹೊಲಿಯುವುದು, ಅಂಟು ಬಳಿದು ರಟ್ಟು ಕೂರಿಸುವುದು ಅವಳಿಗೆ ಉಸಿರಾಡಿದಷ್ಟು ಸಲೀಸು. ಆಳು ಸಣಕಲು, ಮಾತು ಚೂಪು. ಅಂಗಡಿಯವರೆಲ್ಲ ಅವಳನ್ನು ‘ದಬ್ಬಣ’ ಎಂದು ಕರೆಯುತ್ತಿದ್ದರು. ಅವಳಿಗೂ ಆ ಹೆಸರು ಒಗ್ಗಿಹೋಗಿತ್ತು.

ಮನೆಯಲ್ಲಿ ನಾಲ್ಕು ಜನ. ಗಂಡ ಬೇಕರಿಯ ವ್ಯಾನು ಓಡಿಸಿ ಅಂಗಡಿ ಅಂಗಡಿಗೆ ಬ್ರೆಡ್ ಹಾಕುತ್ತಿದ್ದ. ಅತ್ತೆಗೆ ಮಾತೇ ಊಟ, ಮಾತೇ ನಿದ್ದೆ. ಮೈದುನ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಜಗಳವಾಡಿಕೊಂಡು ಮನೆಗೆ ಬಂದು ಕೂತಿದ್ದ. ಇಷ್ಟು ಜನರಿಗೆ ಬೇಯಿಸಿಟ್ಟು ದಬ್ಬಣ ಬೆಳಗ್ಗೆ ಅಂಗಡಿಯ ಶಟರ್ ಏಳುವ ಹೊತ್ತಿಗೆ ಅಲ್ಲಿರಬೇಕು. ಹಾಗಾಗಿ ಅವಳ ಅಡುಗೆಯೆಲ್ಲ ಓಟದ ಅಡುಗೆ. ಈರುಳ್ಳಿ, ಟೊಮೆಟೊ ಹೆಚ್ಚಿ ಬಾಣಲೆಗೆ ಹಾಕಿ ಉಪ್ಪು ಉದುರಿಸಿ ಮುಚ್ಚುವುದು. ಮೆತ್ತಗಾದ ಮೇಲೆ ಅದರಲ್ಲೇ ಗುಳಿ ಮಾಡಿ ಮೊಟ್ಟೆ ಒಡೆದು ಹಾಕಿ, ಮತ್ತೆ ಮುಚ್ಚಿ, ಒಲೆ ಆರಿಸಿ, ತಲೆ ಬಾಚಿಕೊಳ್ಳಲು ಹೋಗುವುದು. ಜಡೆ ಮುಗಿಯುವಷ್ಟರಲ್ಲಿ ಬಾಣಲೆಯ ಬಿಸಿಗೇ ಮೊಟ್ಟೆ ಬೆಂದಿರುತ್ತಿತ್ತು. ಆಲೂಗಡ್ಡೆಯಾದರೆ ತುರಿದು, ನೀರು ಹಿಂಡಿ, ಕಾದ ಹೆಂಚಿನ ಮೇಲೆ ಒತ್ತಿಬಿಟ್ಟರೆ ಆಯಿತು. ಅತ್ತೆ ಮೂಗು ಮುರಿಯುತ್ತಲೇ ತಟ್ಟೆ ಖಾಲಿ ಮಾಡುತ್ತಿದ್ದಳು.

ಒಂದು ದಿನ ಮೈದುನ ತಮಾಷೆಗೆಂದು ಆ ಮೊಟ್ಟೆಯ ಅಡುಗೆಯನ್ನು ಮೊಬೈಲಿನಲ್ಲಿ ಹಿಡಿದ. ಕಂಡದ್ದು ಅತ್ತಿಗೆಯ ಕೈ, ಬಾಣಲೆ ಮಾತ್ರ. ಬಾಗಿಲಲ್ಲಿ ನಿಂತ ಅತ್ತೆ ಸುಮ್ಮನಿರಲಾರದೆ, “ನೋಡಿ ಮಕ್ಳಾ, ಈಗ ಉಪ್ಪು” ಎಂದು ಬೆಲ್ಲ ಕರಗಿಸಿ ಹೊಯ್ದಂಥ ದನಿಯಲ್ಲಿ ವಿವರಿಸುತ್ತ ಹೋದಳು. ಸೊಸೆ ಬಂದಂದಿನಿಂದ ಅವಳು ಅಡುಗೆಮನೆಗೆ ಕಾಲಿಡುತ್ತಿದ್ದುದು ನೀರು ಕುಡಿಯಲಷ್ಟೆ. ಅದು ನೋಡುವವರಿಗೇನು ಗೊತ್ತು? ವಿಡಿಯೊ ಕಾಳ್ಗಿಚ್ಚಿನಂತೆ ಹಬ್ಬಿತು. ಜನ ‘ಅಮ್ಮಾ, ಇನ್ನೊಂದು ತೋರ್ಸಿ’ ಎಂದರು. ತಮ್ಮ ಮನೆಯ ಅಡುಗೆಗಳನ್ನೂ ಬರೆದು ಕಳಿಸಿದರು. ಒಬ್ಬ ಲಾರಿ ಡ್ರೈವರ್ ಉಳಿದ ಅನ್ನಕ್ಕೆ ಬೆಳ್ಳುಳ್ಳಿ ಜಜ್ಜಿ ಹಾಕುವ ಬಗೆ ಹೇಳಿದ. ಹಾಸ್ಟೆಲಿನ ಅಡುಗೆಯವಳೊಬ್ಬಳು ಕ್ಯಾರೆಟ್ ಸಾರಿನ ಗುಟ್ಟು ಬಿಟ್ಟುಕೊಟ್ಟಳು. ಕಳಿಸಿದವರು ಎಲ್ಲೋ ಇದ್ದರು. ಮಾಡಿ ತೋರಿಸಬೇಕಾದವಳು ದಬ್ಬಣ.

“ಒಂದೆರಡು ತಿಂಗ್ಳು ಅಂಗಡಿಗೆ ರಜ ಹಾಕಿ ಅತ್ತಿಗೆ. ಈ ಚಾನೆಲ್ ಕಾಲ್ಮೇಲೆ ನಿಂತ್ಕೊಳ್ಳೋವರ್ಗೂ ಅಷ್ಟೆ,” ಎಂದ ಮೈದುನ.

ನಿಂತುಕೊಂಡಿತು. ಬೇರೂ ಬಿಟ್ಟಿತು. ಮನೆಗೆ ಹಣ ಬರತೊಡಗಿದ ಮೇಲೆ ರಜ ಮುಗಿಯುವ ಮಾತನ್ನು ಯಾರೂ ಎತ್ತಲಿಲ್ಲ.

ಹಗಲಿನ ಬೆಳಕು ಗಳಿಗೆಗೊಂದು ಬಣ್ಣ ಎಂದು ಮೈದುನ ಅಡುಗೆಮನೆಯ ಕಿಟಕಿಗೆ ಕಪ್ಪು ರಟ್ಟು ಬಡಿದು ಎರಡು ದೊಡ್ಡ ದೀಪ ನಿಲ್ಲಿಸಿದ. ಸದ್ದು ಬರುತ್ತದೆಂದು ಫ್ಯಾನ್ ಬಂದ್. ಬೀದಿಯ ಹಾರ್ನ್ ಕೇಳುತ್ತದೆಂದು ಬಾಗಿಲಿಗೆ ಚಿಲಕ. ಒಲೆಯ ಕಾವು ಒಂದು ಕಡೆ, ದೀಪದ ಕಾವು ಇನ್ನೊಂದು ಕಡೆ. ಬೆವರು ಬಾಣಲೆಗೆ ಬೀಳದಂತೆ ಹಣೆಗೆ ಬಟ್ಟೆ ಕಟ್ಟಿಕೊಂಡು ಅವಳು ಒಂದೇ ಅಡುಗೆಯನ್ನು ಮತ್ತೆ ಮತ್ತೆ ಮಾಡಬೇಕಿತ್ತು. ಒಮ್ಮೆ ಸೌಟಿನ ನೆರಳು ಬಿತ್ತು, ಒಮ್ಮೆ ಅತ್ತೆಗೆ ಕೆಮ್ಮು ಬಂತು. ಹತ್ತು ನಿಮಿಷದ ಅಡುಗೆಗೆ ಅರ್ಧ ದಿನ. ಆಮೇಲೆ ಆರಿದ್ದನ್ನೇ ಎಲ್ಲರೂ ಉಣ್ಣುವುದು.

ಅವಳ ಕೈಗಳಿಗಂತೂ ರಾಜೋಪಚಾರ. ಅತ್ತೆ ತಾನೇ ಕ್ರೀಮ್ ತಂದು ಹಚ್ಚಿದಳು. “ಕೈ ಜೋಪಾನ ಕಣೇ. ಜನ ನೋಡೋದು ಅದನ್ನೇ.” ಪಾತ್ರೆ ತಿಕ್ಕುವ ಕೆಲಸ ಗಂಡನ ಪಾಲಿಗೆ ಬಂತು. ಅವನು ಮಧ್ಯಾಹ್ನ ವ್ಯಾನು ನಿಲ್ಲಿಸಿ ಬಂದು ಸಿಂಕಿನ ಮುಂದೆ ನಿಂತು, “ನನ್ ಕೈನೂ ಯಾರಾದ್ರೂ ನೋಡ್ರಪ್ಪಾ” ಎಂದು ಗೊಣಗುತ್ತಿದ್ದ. ಅವಳಿಗೆ ನಗು ಬರುತ್ತಿತ್ತು. ಆದರೆ ರಾತ್ರಿ ಮಲಗಿದಾಗ ಆ ಮೆತ್ತನೆಯ ಬೆರಳುಗಳು ಬೇರೆ ಯಾರದೋ ಎನ್ನಿಸುತ್ತಿತ್ತು. ಹೊಲಿದು ಹೊಲಿದು ತೋರುಬೆರಳಲ್ಲಿ ಕಟ್ಟಿದ್ದ ಗಂಟು ಕರಗಿಹೋಗಿತ್ತು.

ಅಂಥ ಹೊತ್ತಲ್ಲಿ ಬೈಂಡಿಂಗ್ ಅಂಗಡಿಯ ಯಜಮಾನರು ಫೋನ್ ಮಾಡಿದರು. ಶಾಲೆ ಪುಸ್ತಕದ ದೊಡ್ಡ ಆರ್ಡರ್ ಬಂದಿತ್ತು, ಅವಳ ಜಾಗಕ್ಕೆ ಬಂದವಳು ಬಿಟ್ಟುಹೋಗಿದ್ದಳು. “ಬಾಮ್ಮ ದಬ್ಬಣ. ನಿನ್ ಹಾಗೆ ಹೊಲಿಯೋರು ಸಿಕ್ತಿಲ್ಲ.”

ಅವತ್ತು ಊಟಕ್ಕೆ ಕೂತಾಗ ಅವಳು ವಿಷಯ ತೆಗೆದಳು.

“ಹೋದ್ರೆ ನಾನೇನು ಗಾಳಿ ಜೊತೆ ಮಾತಾಡ್ಲಾ?” ಎಂದಳು ಅತ್ತೆ.

“ಅಂಟು ಮೆತ್ತಿದ್ ಕೈನ ಯಾರು ನೋಡ್ತಾರೆ ಅತ್ತಿಗೆ?” ಎಂದ ಮೈದುನ.

ಅವಳು ಗಂಡನ ಕಡೆ ನೋಡಿದಳು. “ನೀವೇನಂತೀರಾ?”

“ಮನೇಲೇ ಇರೋ ಕೆಲ್ಸ. ಬಿಸ್ಲಿಲ್ಲ, ಮಳೆಯಿಲ್ಲ.”

“ಗಾಳಿನೂ ಇಲ್ಲ ರೀ,” ಎಂದಳು. ಅವನು ತುತ್ತು ಬಾಯಿಗಿಟ್ಟುಕೊಂಡ. ಬಾಯಿ ತುಂಬಿದ್ದರೆ ಉತ್ತರ ಕೊಡಬೇಕಾಗಿಲ್ಲವಲ್ಲ.

ವಾರಕ್ಕೊಮ್ಮೆ, ಬುಧವಾರ, ಮೈದುನ ಲೈವ್ ಮಾಡುತ್ತಿದ್ದ. ಮಾಡುತ್ತಿರುವಾಗಲೇ ಜನ ನೋಡುವಂಥದ್ದು. ಆಡಿದ ಮಾತನ್ನು ಕತ್ತರಿಸುವಂತಿಲ್ಲ. ಆ ಬುಧವಾರ ಒಬ್ಬ ನರ್ಸ್ ಕಳಿಸಿದ ಅಡುಗೆ ಇತ್ತು. ಡ್ಯೂಟಿಯಿಂದ ಸುಸ್ತಾಗಿ ಬಂದವರು ಒಣಗಿದ ಬ್ರೆಡ್ಡನ್ನು ಚೂರು ಮಾಡಿ, ಟೊಮೆಟೊ ರಸದಲ್ಲಿ ಅದ್ದಿ, ಈರುಳ್ಳಿ ಜೊತೆ ಬಾಡಿಸಿಕೊಳ್ಳುವುದು. ದಬ್ಬಣ ಈರುಳ್ಳಿ ಹಾಕಿದಳು. ಅತ್ತೆ ಶುರು ಮಾಡಿದಳು: “ಅವಸರ ಬೇಡ ಮಕ್ಳಾ. ಅಡುಗೆಮನೆ ಅಂದ್ರೆ ಹೆಣ್ಮಕ್ಕಳಿಗೆ ಸ್ವರ್ಗ. ಹಾಡ್ಕೊಂಡು, ಖುಷಿಯಾಗಿ, ನಿಧಾನಕ್ಕೆ...”

ಸೊಸೆಯ ಕೈ ನಿಂತಿತು.

“ಖುಷಿ ಗಿಷಿ ಏನೂ ಬೇಕಾಗಿಲ್ಲ,” ಎಂದಳು. ಅವಳ ದನಿ ವಿಡಿಯೊದಲ್ಲಿ ಕೇಳಿದ್ದು ಅದೇ ಮೊದಲು. “ಬೇಗ್ಬೇಗ ಮಾಡಿ, ತಿನ್ನಿ, ಒಲೆ ಆರ್ಸಿ, ಆಚೆ ಹೋಗಿ. ನಾನು ಇದನ್ನೆಲ್ಲ ಕಲ್ತಿದ್ದೇ ಅಡುಗೆಮನೆಯಿಂದ ಆಚೆ ಹೋಗೋಕೆ. ಈಗ ಇಲ್ಲೇ ಬೇಯ್ತಾ ಇದೀನಿ, ಈ ಈರುಳ್ಳಿ ಥರ.”

ಮೈದುನನ ಬಾಯಿ ತೆರೆದುಕೊಂಡಿತು. ದಬ್ಬಣ ಹಣೆಯ ಬಟ್ಟೆ ಕಿತ್ತೆಸೆದು, ಚಿಲಕ ತೆಗೆದು, ಚಪ್ಪಲಿ ಮೆಟ್ಟಿ ನಡೆದೇಬಿಟ್ಟಳು. ಮುಗಿಯಿತು, ಇನ್ನು ತನ್ನನ್ನು ಒಲೆಯ ಹತ್ತಿರವೂ ಸೇರಿಸುವುದಿಲ್ಲ ಎಂದುಕೊಂಡಳು. ಹೆದರಿಕೆಯಾಯಿತು. ಹೆದರಿಕೆಯ ಜೊತೆಗೇ ಎದೆ ಹಗುರವಾಯಿತು.

ಬೈಂಡಿಂಗ್ ಅಂಗಡಿಯಲ್ಲಿ ಯಜಮಾನರು ಏನೂ ಕೇಳದೆ ಹಾಳೆಯ ರಾಶಿಯೊಂದನ್ನು ಅವಳತ್ತ ಸರಿಸಿದರು. ಮೊದಲ ಪುಸ್ತಕಕ್ಕೆ ದಾರ ಸಡಿಲವಾಯಿತು. ಎರಡನೆಯದಕ್ಕೆ ಬೆರಳಿಗೆ ಸೂಜಿ ಚುಚ್ಚಿತು. ಆಮೇಲೆ ಕೈಗೆ ನೆನಪು ಬಂತು. ಅಂಟಿನ ಹುಳಿ ವಾಸನೆ, ತೆರೆದ ಬಾಗಿಲು, ಬೀದಿಯ ಗದ್ದಲ. ಸಂಜೆಯವರೆಗೂ ಅವಳು ತಲೆ ಎತ್ತಲಿಲ್ಲ. “ನಾಳೆನೂ ಬರ್ತೀನಿ ಯಜಮಾನ್ರೇ,” ಎಂದಳು.

ಹೊರಗೆ ಬ್ರೆಡ್ ವ್ಯಾನು ಬಂದು ನಿಂತಿತು. ಗಂಡ ಇಳಿದ. ಮುಖದ ತುಂಬ ನಗು.

“ಬಾ, ಅಮ್ಮ ಕರೀತಿದಾಳೆ.”

“ಬೈಯೋಕಾ?”

“ಬೈಯೋಕೆ ಅವಳಿಗೇನು ತಲೆ ಕೆಟ್ಟಿದ್ಯಾ? ನೀನಾಡಿದ್ ಮಾತು ಎಲ್ಲ ಕಡೆ ಓಡ್ತಾ ಇದೆ. ‘ನಮ್ಮನೆ ಕಥೆನೂ ಇದೇ, ಇನ್ನೂ ಹೇಳಿ ಅಕ್ಕಾ’ ಅಂತಿದಾರೆ ಹೆಂಗಸ್ರೆಲ್ಲ!”

ಖಾಲಿ ಟ್ರೇಗಳು ಗಡಗಡ ಎನ್ನುವ ವ್ಯಾನಿನಲ್ಲಿ ಅವಳು ಬೆರಳಿಗೆ ಮೆತ್ತಿದ ಅಂಟು ಉಜ್ಜುತ್ತ ಕೂತಳು. ತಿರುವಿನಲ್ಲಿ ಅವನು, “ಇನ್ನೊಂದ್ ವಿಷ್ಯ. ಬೇಕರಿಗೆ ಹೇಳ್ಬಿಟ್ಟೆ, ಮುಂದಿನ ತಿಂಗ್ಳಿಂದ ಬರಲ್ಲ ಅಂತ,” ಎಂದ.

“ಯಾರನ್ನ ಕೇಳಿ ಹೇಳಿದ್ರಿ?”

“ಕೇಳೋದೇನು? ಇನ್ಮೇಲೆ ಮನೆ ನಿನ್ ಕೈಲೇ ನಡ್ಯೋದು. ನಾನು ಸಾಮಾನು ತರ್ತೀನಿ, ಪಾತ್ರೆ ತೊಳೀತೀನಿ.” ಅವನಿಗೆ ನಿಜವಾಗಿಯೂ ಖುಷಿಯಾಗಿತ್ತು. ಅದಕ್ಕೇ ಅವಳಿಗೆ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ.

ಮನೆಯಲ್ಲಿ ಅತ್ತೆ ಸೋಫಾದ ಮೇಲೆ ಕಾಲು ಚಾಚಿದ್ದಳು. “ನಂಗೂ ಗಂಟ್ಲು ನೋವಮ್ಮ. ಇನ್ಮೇಲೆ ಮಾತೂ ನಿಂದೇ,” ಎಂದು ದೊಡ್ಡ ಮನಸ್ಸು ಮಾಡಿ ಬಿಟ್ಟುಕೊಟ್ಟಳು. ಮೈದುನ ಆಗಲೇ ಮುಖವೂ ಕಾಣುವಂತೆ ಮೊಬೈಲ್ ಎತ್ತರಿಸಿ ಕಟ್ಟಿದ್ದ. ಇಷ್ಟು ದಿನ ಕೈ ಮಾತ್ರ ಒಳಗಿತ್ತು. ಈಗ ಇಡೀ ಆಳು.

ಗಂಡನ ಸಂಬಳವೂ ಇನ್ನಿಲ್ಲ. ಅವಳು ಯಜಮಾನರಿಗೆ ಫೋನ್ ಮಾಡಿ ಬರಲಾಗುವುದಿಲ್ಲ ಎಂದಳು. ಅವರು, “ಆಗ್ಲಿ ಬಿಡಮ್ಮ. ನಮ್ಮನೇಲೂ ದಿನಾ ನಿನ್ನನ್ನೇ ನೋಡ್ತಾರೆ,” ಎಂದರು.

ಮರುದಿನ ಬೆಳಗ್ಗೆ ದೀಪ ಹೊತ್ತಿತು, ಬಾಗಿಲಿಗೆ ಚಿಲಕ ಬಿತ್ತು.

“ಅತ್ತಿಗೆ, ನಿನ್ನೆ ಹೇಳಿದ್ರಲ್ಲ, ಅದನ್ನೇ ಇನ್ನೊಂದ್ಸಲ. ಅದೇ ಸಿಟ್ಟಿರ್ಲಿ,” ಎಂದ ಮೈದುನ.

“ಒಲೆ ಆರ್ಸಿ, ಆಚೆ ಹೋಗಿ,” ಎಂದಳು ಅವಳು.

“ಸಿಟ್ಟು ಸಾಲ್ದು ಅತ್ತಿಗೆ.”

ಮತ್ತೊಮ್ಮೆ ಹೇಳಿದಳು. ಆಗ ಸೌಟಿನ ನೆರಳು ಬಿತ್ತು. ಮೂರನೆಯ ಸಲ ಅವಳ ಕಣ್ಣು ತುಂಬಿ, ಮಾತು ಸಿಡಿಯಿತು. “ಇದು, ಇದು!” ಎಂದು ಮೈದುನ ಹೆಬ್ಬೆರಳೆತ್ತಿದ. ಬಾಗಿಲಾಚೆಯಿಂದ ಅತ್ತೆ, “ಎಷ್ಟು ಚೆನ್ನಾಗಿ ಹೇಳಿದ್ಯೇ!” ಎಂದು ಮೆಚ್ಚಿಕೊಂಡಳು. ದಬ್ಬಣ ಮೂಗು ಒರೆಸಿಕೊಂಡು, ಮುಂದಿನ ಅಡುಗೆಗೆ ಆಲೂಗಡ್ಡೆ ತುರಿಯತೊಡಗಿದಳು.