ಬೆಂಗ್ರೆಯವಳು ಹೊಲಿದ ಹ್ಯಾಂಬರ್ಗಿನ ಬಾವುಟ

ಸೌದಿಯ ದಮ್ಮಾಮಿನಲ್ಲಿ ಮೊದಲ ದಿನವೇ ನನ್ನ ಕೈ ಸುಟ್ಟಿತು. ಒಲೆಯಿಂದಲ್ಲ, ತಣ್ಣೀರಿನ ನಲ್ಲಿಯಿಂದ. ಧಹ್ರಾನಿನಲ್ಲಿ ವಿಮಾನ ಇಳಿದು, ಮನೆ ಸೇರಿ, ಮುಖ ತೊಳೆಯೋಣವೆಂದು ನೀಲಿ ಗುರುತಿನ ನಲ್ಲಿ ತಿರುಗಿಸಿದರೆ ಬಂದದ್ದು ಅಕ್ಕಿ ಬೇಯಿಸಬಹುದಾದಂಥ ನೀರು. ನಾನು ಕಿರುಚಿದ ಸದ್ದಿಗೆ ಎದುರು ಮನೆಯ ಹೆಂಗಸು ಓಡಿ ಬಂದರು. ನನ್ನ ಕೈ ಹಿಡಿದು ಕೆಂಪು ಗುರುತಿನ ನಲ್ಲಿಯ ಕೆಳಗೆ ಒಡ್ಡಿದರು. ಅದರಲ್ಲಿ ತಂಪು ನೀರು! ಬೇಸಗೆಯಲ್ಲಿ ತಾರಸಿಯ ಟ್ಯಾಂಕು ಬಿಸಿಲಿಗೆ ಕಾದು ಕುದಿಯುತ್ತದೆ. ಅದಕ್ಕೆ ಇಲ್ಲಿಯವರು ಗೀಸರಿನ ಸ್ವಿಚ್ಚು ಆರಿಸಿ, ಮನೆಯೊಳಗೆ ಎ.ಸಿ.ಯ ತಂಪಿನಲ್ಲಿ ನಿಂತ ಗೀಸರಿನ ನೀರನ್ನೇ ತಣ್ಣೀರಾಗಿ ಬಳಸುತ್ತಾರೆ. ಇದು ನನಗೆ ತಿಳಿದದ್ದು ವಾರ ಕಳೆದ ಮೇಲೆ. ಆ ಕ್ಷಣಕ್ಕೆ ತಿಳಿದದ್ದು ಇಷ್ಟೇ: ಬಿಸಿ ಅಂದರೆ ತಂಪು, ತಂಪು ಅಂದರೆ ಬಿಸಿ ಎನ್ನುವ ಊರಿಗೆ ಬಂದು ಬಿದ್ದಿದ್ದೇನೆ. ಬಚ್ಚಲಿನಲ್ಲೇ ಕುಳಿತು ಅತ್ತೆ.

ಓಡಿ ಬಂದವರ ಹೆಸರು ಉಮ್ಮು ಹಾನಿ. ಹೆಸರು ಕೇಳಿ ಹೆದರಬೇಡಿ, ನಾನೂ ಮೊದಲು ಹೆದರಿದ್ದೆ. ಈಜಿಪ್ಟಿನವರು, ಅವರ ಹಿರಿಯ ಮಗನ ಹೆಸರು ಹಾನಿ, ಅಂದರೆ ಸಂತೋಷದಲ್ಲಿರುವವನು. ಇಲ್ಲಿ ಹೆಂಗಸರನ್ನು ಹಿರಿಯ ಮಗನ ತಾಯಿ ಎಂದೇ ಕರೆಯುತ್ತಾರೆ. ಉಮ್ಮು ಎಂದರೆ ತಾಯಿ. ನಾವು ಕರಾವಳಿಯ ಬ್ಯಾರಿ ಮುಸ್ಲಿಮರು ತಾಯಿಯನ್ನು ಉಮ್ಮ ಎನ್ನುತ್ತೇವಲ್ಲ, ಆ ಒಂದು ಶಬ್ದ ಸಿಕ್ಕಿದ್ದು ನನಗೆ ದೊಡ್ಡ ಆಧಾರವಾಯಿತು. ನನಗಿನ್ನೂ ಮಕ್ಕಳಿಲ್ಲದ್ದರಿಂದ ಅವರು ನನ್ನನ್ನು ಬರಿಯ ಸಫಿಯಾ ಎಂದೇ ಕರೆದರು.

ಮಂಗಳೂರಿನ ಬೆಂಗ್ರೆ ಗೊತ್ತಿರುವವರಿಗೆ ನನ್ನ ಕಷ್ಟ ಬೇಗ ಅರ್ಥವಾದೀತು. ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು, ನಡುವೆ ಮರಳಿನ ಮೇಲೆ ನಾವು. ಅಲ್ಲಿ ಬಾಗಿಲು ಹಾಕುವುದು ಮಲಗುವಾಗ ಮಾತ್ರ. ದಮ್ಮಾಮಿನಲ್ಲಿ ಎರಡು ಕೋಣೆ, ಒಂದು ಕಿಟಕಿ, ಆ ಕಿಟಕಿಯ ತುಂಬ ಎ.ಸಿ. ಹಗಲಿಡೀ ಅದೇ ಗುಂಯ್ ಎಂಬ ಸದ್ದು. ಊರಿನಲ್ಲಿ ಬಂಗುಡೆ ಹೊತ್ತ ಹೆಂಗಸು ಬಾಗಿಲಿಗೆ ಬಂದು ಅತ್ತೆ ಮಾವಂದಿರ ಆರೋಗ್ಯವನ್ನೂ ವಿಚಾರಿಸಿ ಹೋಗುತ್ತಿದ್ದಳು. ಇಲ್ಲಿ ಹಮ್ಮೂರ್ ಎಂಬ ದಪ್ಪ ತುಟಿಯ ಮೀನನ್ನು ಇವರೇ ಚೀಲದಲ್ಲಿ ತಂದು ಕೊಡುತ್ತಾರೆ. ರುಚಿ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಚೌಕಾಸಿ ಮಾಡದೆ ಕೊಂಡ ಮೀನಿನ ಸಾರು ನನಗೆ ಸಪ್ಪೆಯೆನಿಸುತ್ತಿತ್ತು.

ಇವರು ಎಂದರೆ ನನ್ನ ಯಜಮಾನರು, ಹಮೀದ್. ಬಂದರಿನ ಹತ್ತಿರದ ಒಂದು ಕಂಪನಿಯಲ್ಲಿ ಸ್ಟೋರ್ ಕೀಪರ್. ಬಂದ ಹಡಗುಗಳಿಗೆ ಅಕ್ಕಿ, ಹಗ್ಗ, ಬಣ್ಣ, ಸಾಬೂನು, ಬಾವುಟ ಎಲ್ಲವನ್ನೂ ಒದಗಿಸುವ ಕಂಪನಿ ಅದು. ಒಳ್ಳೆಯ ಮನುಷ್ಯ, ಆದರೆ ಅಳುವ ಹೆಂಡತಿಯ ಮುಂದೆ ಏನು ಮಾಡಬೇಕೆಂದು ತಿಳಿಯದವರು. ಒಂದು ದಿನ ಊಟಕ್ಕೆ ಕುಳಿತಾಗ ಹೇಳಿಯೇಬಿಟ್ಟರು.

"ಸಫಿಯಾ, ನಿನಗೆ ಇಲ್ಲಿ ಆಗುದಿಲ್ಲ. ಬಕ್ರೀದ್ ಆದ್ಮೇಲೆ ಊರಿಗೆ ಹೋಗು. ನಾನು ಮೊದಲಿನ ಹಾಗೆ ರೂಮಿನವರ ಒಟ್ಟಿಗೆ ಇರ್ತೇನೆ."

"ಆಗುದಿಲ್ಲ ಅಂತ ನಾನು ಹೇಳಿದ್ದಾ?"

"ಬಾಯಿಬಿಟ್ಟು ಬೇರೆ ಹೇಳ್ಬೇಕಾ? ದಿನಾ ಅಳ್ತಾ ಇದ್ದಿಯಲ್ಲ ಮಾರಾಯ್ತಿ."

ನಿಜ ಹೇಳಬೇಕೆಂದರೆ ಅದೇ ಮಾತಿಗಾಗಿ ನಾನು ಕಾದಿದ್ದೆ. ಆದರೆ ಕೇಳಿದ ಮೇಲೆ ಖುಷಿಯಾಗಲಿಲ್ಲ, ಸಿಟ್ಟು ಬಂತು. ದೋಣಿ ಇಳಿದು ಬೆಂಗ್ರೆಯ ಮರಳಿನಲ್ಲಿ ಕಾಲಿಟ್ಟ ಕೂಡಲೇ, ಹೋಗಿ ಇರಲಾಗದೆ ವಾಪಸು ಬಂದವಳು ಎಂದು ಊರೆಲ್ಲ ನನ್ನನ್ನು ನೋಡುವುದು ಕಣ್ಣಿಗೆ ಕಟ್ಟಿತು. ಅತ್ತುಕೊಂಡು ಬದುಕುವುದಕ್ಕಿಂತ ಸೋತು ಹೋಗುವುದು ಕಷ್ಟ ಎಂದು ನನಗೆ ಅಂದೇ ಗೊತ್ತಾಯಿತು. ಬಕ್ರೀದಿನವರೆಗೆ ಸಮಯವಿದೆ, ಅಷ್ಟರಲ್ಲಿ ಇಲ್ಲಿ ನನಗೊಂದು ಕೆಲಸ ಹುಡುಕಿಕೊಳ್ಳುತ್ತೇನೆ ಎಂದು ಮನಸ್ಸಿನಲ್ಲೇ ಹಟ ಹಿಡಿದೆ.

ನನಗೆ ಬರುವ ವಿದ್ಯೆ ಒಂದೇ, ಹೊಲಿಗೆ. ಮದುವೆಗೆ ಮುಂಚೆ ಬೆಂಗ್ರೆಯ ಅರ್ಧ ಹೆಣ್ಣುಮಕ್ಕಳ ಮದುವೆಯ ಬಟ್ಟೆ ನನ್ನ ಕೈಯಿಂದಲೇ ಹೋದದ್ದು. ಉಮ್ಮು ಹಾನಿಯ ಮನೆಯಲ್ಲಿ ಒಂದು ಮಷೀನು ಸುಮ್ಮನೆ ಕುಳಿತಿತ್ತು. ಅವರ ಪರದೆಗಳನ್ನು ಹೊಲಿದುಕೊಟ್ಟೆ, ಮಷೀನು ನಮ್ಮ ಮನೆಗೆ ಬಂತು. ಇವರ ಸ್ಟೋರಿನಲ್ಲಿ ಅಂಚು ಹರಿದ ಬಾವುಟಗಳಿದ್ದವು. ತನ್ನಿ ನೋಡೋಣ ಎಂದೆ. ತಂದರು. ಸರಿ ಮಾಡಿದೆ. ಆಮೇಲೆ ಸೌದಿಯ ಬಾವುಟಗಳು ಬಂದವು. ಯಾವ ದೇಶದ ಹಡಗಾದರೂ ಈ ಬಂದರಿಗೆ ಬರುವಾಗ ಗೌರವಕ್ಕೆಂದು ಸೌದಿಯ ಬಾವುಟ ಏರಿಸಬೇಕು. ಅದರಲ್ಲಿ ಅಲ್ಲಾಹನೊಬ್ಬನೇ ದೇವರೆಂದು ಸಾರುವ ಕಲಿಮಾ ಇದೆ. ಹಿಂದಿನಿಂದ ನೋಡಿದರೆ ಅದು ತಿರುಗುಮುರುಗಾಗಿ ಕಾಣಬಾರದು. ಆದ್ದರಿಂದ ಒಂದೇ ತರಹದ ಎರಡು ಬಟ್ಟೆಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ಜೋಡಿಸುತ್ತಾರೆ, ಯಾವ ಬದಿಯಿಂದಲೂ ನೇರವಾಗಿ ಓದಬಹುದು. ನಾನು ನಮಾಜಿಗೆ ಮುಂಚಿನ ಹಾಗೆ ಕೈಕಾಲು ಮುಖ ತೊಳೆದು, ವುಝೂ ಮಾಡಿಯೇ ಆ ಕೆಲಸಕ್ಕೆ ಕೂರುತ್ತಿದ್ದೆ. ಎರಡು ಬದಿಯ ಬಾವುಟ ಹೊಲಿಯುವುದು ಹೀಗೆ ನನ್ನ ಕೈಗೆ ಹತ್ತಿತು.

ಬಾವುಟಗಳ ಜೊತೆಗೆ ಇವರು ಇನ್ನೊಂದು ವಸ್ತು ತಂದರು: ಸ್ಟೋರಿನ ಗೋಡೆಯಿಂದ ತೆಗೆದ ಒಂದು ಹಳೆಯ ಚಿತ್ರಪಟ. ಅದರ ತುಂಬ ಜರ್ಮನಿಯ ಹಡಗು ಕಂಪನಿಗಳ ಬಾವುಟಗಳು. ದೇಶದ್ದಲ್ಲ, ಕಂಪನಿಯದ್ದು, ಪ್ರತಿ ಹಡಗು ಮಾಲಕನಿಗೂ ತನ್ನದೇ ಒಂದು ಬಾವುಟ. ಬ್ರೆಮೆನ್ ಊರಿನ ಕೆಲವರದ್ದರಲ್ಲಿ ಬೀಗದ ಕೈ, ಹ್ಯಾಂಬರ್ಗಿನ ಕೆಲವರದ್ದರಲ್ಲಿ ಕೋಟೆಯ ಬಾಗಿಲು. ಕೆಲವುಗಳಲ್ಲಿ ನಕ್ಷತ್ರ, ಕೆಲವುಗಳಲ್ಲಿ ಮಾಲಕರ ಹೆಸರಿನ ಮೊದಲಕ್ಷರಗಳು. ಇದೆಲ್ಲ ಯಾಕೆ ಬೇಕು ಎಂದು ಕೇಳಿದ್ದಕ್ಕೆ ಇವರು ನಮ್ಮ ಉಡುಪಿ ಮಂಗಳೂರು ಬಸ್ಸುಗಳನ್ನು ನೆನಪಿಸಿದರು. ಓದಲು ಬಾರದ ನಮ್ಮ ಉಮ್ಮನೂ ದೂರದಿಂದಲೇ ಬಣ್ಣ ನೋಡಿ ಯಾವ ಕಂಪನಿಯ ಬಸ್ಸೆಂದು ಹೇಳುವುದಿಲ್ಲವೇ, ಹಾಗೆಯೇ ಇದು. ಅಷ್ಟು ಸಾಕಾಯಿತು. ಚಿತ್ರಪಟ ಅಡುಗೆ ಕೋಣೆಯ ಗೋಡೆಗೆ ಏರಿತು. ಅರಬ್ಬಿಯ ಅಲಿಫ್ ಬಾ ಅಕ್ಷರಗಳನ್ನು ಓದಲು ನನಗೆ ಮೊದಲೇ ಬರುತ್ತಿತ್ತು, ಮಾತಾಡಲು ಬರುತ್ತಿರಲಿಲ್ಲ. ಈ ಬಾವುಟಗಳಿಗೆ ಮಾತೇ ಬೇಡ. ಸಾರು ಕುದಿಯುವ ಹೊತ್ತಿನಲ್ಲಿ ಒಂದೊಂದನ್ನಾಗಿ ಕಲಿತೆ. ಶುಕ್ರವಾರ ಕಡಲ ಬದಿಯ ರಸ್ತೆಯಲ್ಲಿ ಕುಳಿತಾಗ, ದೂರದ ಹಡಗಿನ ಹೊಗೆಕೊಳವೆಯ ಮೇಲಿನ ಗುರುತು ನೋಡಿಯೇ ಕಂಪನಿಯ ಹೆಸರು ಹೇಳುತ್ತಿದ್ದೆ. ಇವರು ಬೆರಗಾಗುತ್ತಿದ್ದರು. ನನ್ನನ್ನು ಊರಿಗೆ ಕಳಿಸುವ ಟಿಕೆಟ್ಟಿನ ಮಾತು ಮಾತ್ರ ಬಿಟ್ಟಿರಲಿಲ್ಲ.

ಎಂಬತ್ತರ ದಶಕದ ಆ ವರ್ಷಗಳಲ್ಲಿ ಹಡಗಿನ ವ್ಯಾಪಾರ ಬಿದ್ದುಹೋಗಿತ್ತು. ಚಿತ್ರಪಟದಲ್ಲಿದ್ದ ಎಷ್ಟೋ ಕಂಪನಿಗಳು ಮುಚ್ಚಿದವು, ಎಷ್ಟೋ ಹಡಗುಗಳು ಕೈ ಬದಲಾದವು. ಬಕ್ರೀದ್ ಹತ್ತಿರವಾದಾಗ ಅಂಥದ್ದೊಂದು ಹಡಗು ದಮ್ಮಾಮಿನ ದಕ್ಕೆಯಲ್ಲಿ ನಿಂತಿತ್ತು. ಹಳೆಯ ಮಾಲಕರು ಅದನ್ನು ಹ್ಯಾಂಬರ್ಗಿನ ಬೇರೊಬ್ಬರಿಗೆ ಮಾರಿದ್ದರು. ಮರುದಿನ ಇಳಿಹೊತ್ತಿನ ಅಸರ್ ನಮಾಜಿನ ಸಮಯಕ್ಕೆ ಹಳೆಯ ಬಾವುಟ ಇಳಿದು ಹೊಸದು ಏರಬೇಕು. ಹೊಸ ಬಾವುಟದ ಪಾರ್ಸೆಲ್ಲು ಎಲ್ಲೋ ದಾರಿಯಲ್ಲಿ ಸಿಕ್ಕಿಬಿದ್ದಿತ್ತು. ಕಂಪನಿಗೆ ಬಾವುಟ ಹೊಲಿಯುತ್ತಿದ್ದ ದರ್ಜಿ ಕರಾಚಿಗೆ ರಜೆಯಲ್ಲಿ ಹೋಗಿದ್ದ. ಇವರು ಒಂದು ಚಿತ್ರ ಹಿಡಿದುಕೊಂಡು ಮಧ್ಯಾಹ್ನವೇ ಮನೆಗೆ ಬಂದರು.

"ನನ್ನ ಹೆಂಡತಿ ಹೊಲಿತಾಳೆ ಅಂತ ಮ್ಯಾನೇಜರ ಹತ್ರ ಹೇಳಿ ಬಂದಿದ್ದೇನೆ. ಆಗ್ತದಾ?"

"ಆಗದೆ ಎಂತ?" ಎಂದೆ. ಬಾಯಿ ಗಟ್ಟಿಯಾಗಿ ಹೇಳಿತು, ಕೈ ಆಗಲೇ ಕತ್ತರಿ ಹುಡುಕುತ್ತಿತ್ತು.

ನೀಲಿ ಬಟ್ಟೆ. ನಡುವೆ ಹಾರುತ್ತಿರುವ ಬಿಳಿ ಕೊಕ್ಕರೆ. ಅದರ ಕೆಳಗೆ ಎರಡು ಬಿಳಿ ಅಕ್ಷರ. ಅಕ್ಷರವೆಂದ ಮೇಲೆ ನನಗೆ ಗೊತ್ತಿದ್ದ ಮರ್ಯಾದೆ ಒಂದೇ, ಎರಡೂ ಬದಿಯಿಂದ ನೇರ ಓದಬೇಕು. ಸೌದಿಯ ಬಾವುಟದ ಹಾಗೆಯೇ ಎರಡು ಬಟ್ಟೆ ಕತ್ತರಿಸಿದೆ, ಎರಡಕ್ಕೂ ಒಂದೇ ತರಹ ಕೊಕ್ಕರೆ, ಒಂದೇ ತರಹ ಅಕ್ಷರ ಹಚ್ಚಿದೆ, ಬೆನ್ನಿಗೆ ಬೆನ್ನು ಕೊಟ್ಟು ಹೊಲಿದೆ. ಉಮ್ಮು ಹಾನಿ ಬಂದು ನೋಡಿ ಮಾಶಾ ಅಲ್ಲಾಹ್ ಎಂದರು. ಬೆಳಿಗ್ಗೆ ಇವರು ಅದನ್ನು ಇಸ್ತ್ರಿ ಮಾಡಿಸಿ, ಮದುವೆಗೆ ಹೊರಟವರ ಹಾಗೆ ಕೊಂಡುಹೋದರು.

ಬಿಸಿಲೇರುವಷ್ಟರಲ್ಲಿ ಅದೇ ಬಾವುಟದೊಂದಿಗೆ ವಾಪಸು ಬಂದರು. ಮುಖ ಬಾಡಿತ್ತು.

"ಎಂತ ಆಯ್ತು?"

"ಹಡಗಿನ ಮೇಟ್, ಕ್ಯಾಪ್ಟನಿನ ಕೆಳಗಿನ ಆಫೀಸರ, ನೋಡಿ ನಗಾಡಿದ. ನಿಮ್ಮ ಕೊಕ್ಕರೆ ಒಂದು ಬದಿಯಲ್ಲಿ ಮುಂದೆ ಹೋಗ್ತದೆ, ಇನ್ನೊಂದು ಬದಿಯಲ್ಲಿ ಹಿಂದೆ ಬರ್ತದೆ ಅಂತ."

ಬಾವುಟವನ್ನು ಗೋಡೆಗೆ ಹಿಡಿದು ನೋಡಿದೆ. ಹೌದು. ಗಾಳಿಗೆ ಬಾವುಟ ಹಿಂದಕ್ಕೆ ಹಾರುತ್ತದೆ, ಕಂಬ ಮುಂದಿರುತ್ತದೆ. ಆದ್ದರಿಂದ ಬಾವುಟದಲ್ಲಿರುವ ಹಕ್ಕಿ, ಪ್ರಾಣಿ ಯಾವುದಾದರೂ ಕಂಬದ ಕಡೆಗೇ ಮುಖ ಮಾಡಿರಬೇಕು. ಎರಡು ಬದಿಯನ್ನೂ ಒಂದೇ ತರಹ ಮಾಡಿದ್ದರಿಂದ ಒಂದು ಬದಿಯ ಕೊಕ್ಕರೆ ಕಂಬಕ್ಕೆ ಬೆನ್ನು ಹಾಕಿ ಓಡಿಹೋಗುತ್ತಿತ್ತು. ಹೊಸ ಮಾಲಕರ ಹಕ್ಕಿ ಮೊದಲ ದಿನವೇ ಹಡಗು ಬಿಟ್ಟು ಓಡುವುದನ್ನು ಯಾವ ಕ್ಯಾಪ್ಟನ್ ತಾನೇ ಸಹಿಸುತ್ತಾನೆ! ಸೌದಿಯ ಬಾವುಟವೊಂದನ್ನೇ ಹೊಲಿದು ಕಲಿತ ನನಗೆ ಇದು ಹೊಳೆದೇ ಇರಲಿಲ್ಲ.

"ಬಿಡು ಸಫಿಯಾ," ಇವರು ಮೆಲ್ಲಗೆ ಹೇಳಿದರು. "ಮ್ಯಾನೇಜರ್ ಬರೇ ನೀಲಿ ಬಟ್ಟೆ ಏರಿಸುವಾ ಅಂತ ಹೇಳಿದ್ದಾರೆ. ನೀನು ಮಾಡುವಷ್ಟು ಮಾಡಿದ್ದೀ. ಹೇಗೂ ಇನ್ನು ಬಕ್ರೀದಿಗೆ ಎಷ್ಟು ದಿನ ಉಂಟು ಹೇಳು."

ಆ ಕೊನೆಯ ಮಾತು ಅವರು ಆಡಬಾರದಿತ್ತು. ಅಥವಾ ಆಡಿದ್ದೇ ಒಳ್ಳೆಯದಾಯಿತು.

"ಕೊಡಿ ಇಲ್ಲಿ," ಎಂದೆ. "ಅಸರ್ ಬಾಂಗು ಆಗ್ಲಿಲ್ಲವಲ್ಲ ಇನ್ನೂ. ನೀವು ಗಾಡಿ ಬಂದ್ ಮಾಡ್ಬೇಡಿ."

ಹೊಸ ಕೊಕ್ಕರೆ ಕತ್ತರಿಸಲು ಬಿಳಿ ಬಟ್ಟೆ ಉಳಿದಿರಲಿಲ್ಲ. ತಲೆಯ ಮೇಲೆ ಕೈ ಹೊತ್ತು ಕೂರುವ ಹೊತ್ತೂ ಇರಲಿಲ್ಲ. ಓಡಿಹೋಗುವ ಕೊಕ್ಕರೆಯನ್ನು ಸವರಿ ನೋಡಿದೆ. ಆ ಬಟ್ಟೆಗೆ ಒಳಮೈ ಹೊರಮೈ ಎಂಬ ಭೇದವಿರಲಿಲ್ಲ. ಅಂದಮೇಲೆ ಬಿಚ್ಚಿ ಮಗುಚಿ ಹಾಕಿದರಾಯಿತಲ್ಲ! ಅಂಚು ಬಿಚ್ಚಿದೆ, ಕೊಕ್ಕರೆಯ ಸುತ್ತಲಿನ ಹೊಲಿಗೆಯನ್ನು ಬ್ಲೇಡಿನಿಂದ ಒಂದೊಂದಾಗಿ ಕಿತ್ತೆ, ದೋಸೆ ಮಗುಚಿದ ಹಾಗೆ ಅದನ್ನು ಮಗುಚಿ ಅದೇ ಜಾಗದಲ್ಲಿ ಇಟ್ಟೆ. ಈಗ ಎರಡೂ ಬದಿಯ ಕೊಕ್ಕರೆಗಳು ಕಂಬದ ಕಡೆಗೆ. ಅಕ್ಷರಗಳನ್ನು ಮುಟ್ಟಲಿಲ್ಲ, ಅವು ಎರಡೂ ಬದಿಯಿಂದ ನೇರ. ಮಷೀನಿನ ಸದ್ದಿಗೆ ಎ.ಸಿ.ಯ ಸದ್ದು ಕೇಳಿಸದೇ ಹೋಯಿತು.

ಕೊಡುವಾಗ ಹೇಳಿದೆ, "ನಾನೂ ಬರ್ತೇನೆ."

ಬಂದರಿನ ಗೇಟಿನೊಳಗೆ ನನ್ನನ್ನು ಬಿಡುವ ಹಾಗಿಲ್ಲ. ಬೇಲಿಯ ಹೊರಗೆ, ರಸ್ತೆಯ ಬದಿಯಲ್ಲಿ ಪಿಕಪ್ ನಿಲ್ಲಿಸಿ ಇವರು ಒಳಗೆ ಹೋದರು. ನಾನು ಗಾಜಿನೊಳಗಿನಿಂದ ಕತ್ತು ಚಾಚಿ ನೋಡುತ್ತಾ ಕುಳಿತೆ. ಉತ್ತರದ ಗಾಳಿ ಮರಳನ್ನು ಎಬ್ಬಿಸುತ್ತಿತ್ತು. ಹಳೆಯ ಬಾವುಟ ಇಳಿಯಿತು. ಸ್ವಲ್ಪ ಹೊತ್ತು ಕಂಬ ಖಾಲಿ. ಆ ಸ್ವಲ್ಪ ಹೊತ್ತಿನಲ್ಲಿ ಎಷ್ಟು ದುವಾ ಮಾಡಿದೆನೋ. ಆಮೇಲೆ ನೀಲಿಯ ಮುದ್ದೆಯೊಂದು ಏರಿತು, ಗಾಳಿಗೆ ಸಿಕ್ಕಿತು, ಪಟ್ಟನೆ ಬಿಚ್ಚಿಕೊಂಡಿತು. ಬಿಳಿ ಕೊಕ್ಕರೆ ರೆಕ್ಕೆ ಬಿಚ್ಚಿ ಮುಂದಕ್ಕೆ, ಮುಂದಕ್ಕೇ ಹಾರಿತು! ನಾನು ಬೆಂಗ್ರೆಯ ಭಾಷೆಯಲ್ಲಿ ಕೂಗಿಕೊಂಡೆ. ಕೇಳುವವರು ಯಾರೂ ಇರಲಿಲ್ಲ. ಇದ್ದರೂ ಕೂಗುತ್ತಿದ್ದೆ. ಹೊಗಳಿಕೊಳ್ಳುತ್ತಿದ್ದಾಳೆ ಎಂದು ನೀವು ಅಂದುಕೊಂಡರೆ ಅಂದುಕೊಳ್ಳಿ, ಆ ದಿನ ಇಡೀ ದಮ್ಮಾಮಿನಲ್ಲಿ ನನ್ನಷ್ಟು ದೊಡ್ಡವರು ಇರಲಿಲ್ಲ.

ಇವರು ಓಡುತ್ತಲೇ ಬಂದರು. "ಕ್ಯಾಪ್ಟನ್ ಎಂತ ಹೇಳಿದ್ದು ಗೊತ್ತುಂಟಾ? ಹ್ಯಾಂಬರ್ಗಿನಿಂದ ಬರುವ ಬಾವುಟದಲ್ಲಿ ಕೂಡ ಹಿಂದಿನಿಂದ ಅಕ್ಷರ ಉಲ್ಟಾ ಕಾಣ್ತದಂತೆ. ಇದರಲ್ಲಿ ಎರಡೂ ಸರಿ. ಅವರ ಬೇರೆ ಹಡಗುಗಳಿಗೂ ಇಂಥದ್ದೇ ಬೇಕಂತೆ." ಉಸಿರು ತೆಗೆದುಕೊಂಡು ಕೇಳಿದರು, "ಈಗ ಟಿಕೆಟ್ ಎಂತ ಮಾಡುದು?"

"ಯಾರಿಗೆ ಟಿಕೆಟ್?" ಎಂದೆ.

ಬಕ್ರೀದ್ ದಮ್ಮಾಮಿನಲ್ಲೇ ಆಯಿತು. ಉಮ್ಮು ಹಾನಿಗೆ ನಮ್ಮ ಕೋಳಿ ರೊಟ್ಟಿ ತಿನ್ನಿಸಿದೆ, ಅವರು ನನಗೆ ಮಾಂಸದ ಮೇಲೆ ಸುರಿಯುವ ಬೆಳ್ಳುಳ್ಳಿಯ ಸಾರು ಕಲಿಸಿದರು. ಅರಬ್ಬಿ ಅಂಗಡಿಯವನೊಂದಿಗೆ ನೂಲಿನ ಬೆಲೆಗೆ ಈಗ ನಾನೇ ಜಗಳವಾಡುತ್ತೇನೆ, ಅವನೂ ಬಿಡುವುದಿಲ್ಲ, ನಾನೂ ಬಿಡುವುದಿಲ್ಲ.

ಇವರು ಹೇಳದೆ ಬಚ್ಚಿಟ್ಟಿದ್ದ ಒಂದು ಸುದ್ದಿ ಇತ್ತು. ಆ ಹಡಗು ದಮ್ಮಾಮಿನಿಂದ ಬೊಂಬಾಯಿಗೆ, ಅಲ್ಲಿಂದ ಮಂಗಳೂರಿನ ಬಂದರು ಪಣಂಬೂರಿಗೆ ಹೋಗುವುದಂತೆ. ನಮ್ಮ ಪಣಂಬೂರು! ನಾನು ಊರಿಗೆ ಹೋಗದಿರಲೆಂದು ಹೊಲಿದ ಬಾವುಟ ನನಗಿಂತ ಮೊದಲು ಊರಿಗೆ ಹೊರಟಿತ್ತು. ರಜೆಯಲ್ಲಿ ಹೊರಟಿದ್ದ ಪರಿಚಯದವರ ಕೈಯಲ್ಲಿ ಉಮ್ಮನಿಗೆ ಒಂದು ಕ್ಯಾಸೆಟ್ ಕಳಿಸಿದೆ. ನೀಲಿ ಬಾವುಟ, ಬಿಳಿ ಕೊಕ್ಕರೆ, ನೋಡಿಕೋ ಎಂದು ಮಾತಾಡಿದ್ದೆ. ರಜೆ ಮುಗಿಸಿ ಅವರು ವಾಪಸು ಬರುವಾಗ ಅದೇ ಕೈಯಲ್ಲಿ ಉಮ್ಮನ ಕ್ಯಾಸೆಟ್ ಬಂತು.

"ಹಡಗು ಬಂತು ಮಗಳೇ. ತಣ್ಣೀರುಬಾವಿವರೆಗೆ ನಡೆದು ಹೋಗಿ ನೋಡಿದೆವು. ತುಂಬ ದೂರ ನಿಂತಿತ್ತು. ಮೇಲೆ ಎಂತದೋ ಹಾರ್ತಾ ಇತ್ತು, ನೀಲಿಯೋ ಕಪ್ಪೋ ನನ್ನ ಕಣ್ಣಿಗೆ ಗೊತ್ತಾಗ್ಲಿಲ್ಲ. ಕೊಕ್ಕರೆಯೂ ಕಾಣ್ಲಿಲ್ಲ. ಆದ್ರೂ ಅಲ್ಲಿ ಬಲೆ ಎಳೆಯುವವರಿಗೆಲ್ಲ ನನ್ನ ಮಗಳ ಹಡಗು ಅಂತ ಹೇಳಿದ್ದೇನೆ. ನಂಬಿದ್ರು."

ಸಲಾಂ ಹೇಳಿ ಮಾತು ಮುಗಿಸಿದ ಉಮ್ಮನಿಗೆ ಟೇಪು ಆರಿಸಲು ಮರೆತುಹೋಗಿದೆ. ಅದು ಓಡುತ್ತಲೇ ಇದೆ. ಪಾತ್ರೆಯ ಸದ್ದು, ಕೋಳಿಗಳ ಸದ್ದು. ಪಕ್ಕದ ಮನೆಯವರು ಯಾರೋ ಬೇಲಿಯಾಚೆಯಿಂದ, ಮಗಳು ಈ ವರ್ಷ ಬರ್ತಾಳಾ ಎಂದು ಕೇಳುತ್ತಾರೆ. ಉಮ್ಮ ಹೇಳುತ್ತಾಳೆ, "ಇಲ್ಲ. ಅವಳಿಗೆ ಅಲ್ಲಿ ಕೆಲಸ ಉಂಟು."

ಆ ಮಾತಿನಲ್ಲಿ ಹೆಮ್ಮೆ ಇದೆಯೋ ಸಂಕಟ ಇದೆಯೋ ತಿಳಿಯಲೆಂದು ಟೇಪನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಕೇಳಿದೆ, ಇನ್ನೊಮ್ಮೆ ಕೇಳಿದೆ. ಕೇಳಿದಷ್ಟು ಸಲವೂ ಎರಡೂ ಇತ್ತು. ಮಷೀನಿನ ಮೇಲೆ ನೀಲಿ ಬಟ್ಟೆ ಕಾಯುತ್ತಿತ್ತು. ಕಣ್ಣು ಒರೆಸಿಕೊಂಡು ಸೂಜಿಗೆ ನೂಲು ಪೋಣಿಸಿದೆ.